ಗುದ್ದಿದವನೇ ಫೋರ್ಕ್ ನೆಟ್ಟಗೆ ಮಾಡಲಿ

ಸಂಪಾದಕರಿಗೆ,

ಆಸ್ಟ್ರೇಲಿಯಾದ ಫಿಲಿಪ್ ಐಲೆಂಡ್‌ನಲ್ಲಿ ನಡೆದ ಮೋಟೊಜಿಪಿ ಬೈಕ್ ರೇಸ್ ಬಗ್ಗೆ ಸೋಮವಾರದ ನಿಮ್ಮ ಕ್ರೀಡಾಪುಟದಲ್ಲಿ ಬಂದದ್ದು ಐದೇ ಸಾಲು. ಅಷ್ಟರಲ್ಲೂ, ಎರಡು ದಂಡದ ಸುತ್ತು ತೀರಿಸಿ ಮೂರನೆಯವನಾಗಿ ಬಂದ ಮಾರ್ಕೊ ಬೆಜ್ಜೆಕಿಗೆ ‘ಕೆಚ್ಚೆದೆಯ ಸವಾರಿ’ ಎಂಬ ಹೊಗಳಿಕೆ ಸೇರಿಸಿದ್ದೀರಿ. ದಂಡ ಏಕೆ ಬಿತ್ತು ಎಂದು ಬರೆಯಲು ಆರನೇ ಸಾಲು ಸಿಗಲಿಲ್ಲವೆಂದು ಕಾಣುತ್ತದೆ.

ಅದನ್ನು ನಾನು ಬರೆಯುತ್ತೇನೆ. 2025ರ ಅಕ್ಟೋಬರ್ 5ರಂದು ಇಂಡೊನೇಷ್ಯಾದ ಮಂಡಲಿಕಾದಲ್ಲಿ, ಮೊದಲ ಸುತ್ತಿನಲ್ಲೇ, ಬೆಜ್ಜೆಕಿಯ ಏಪ್ರಿಲಿಯಾ ಬೈಕ್ ಹಿಂದಿನಿಂದ ಬಂದು ಮಾರ್ಕ್ ಮಾರ್ಕೆಜ್‌ನ ಡುಕಾಟಿಗೆ ಗುದ್ದಿತು. ಇಬ್ಬರೂ ಜಲ್ಲಿಯಲ್ಲಿ ಉರುಳಿದರು. ಮಾರ್ಕೆಜ್ ಆರು ವರ್ಷಗಳ ನಂತರ ಮತ್ತೆ ವಿಶ್ವ ಚಾಂಪಿಯನ್ ಆಗಿ ಆಗ ಒಂದೇ ವಾರವಾಗಿತ್ತು. ಬಲಭುಜದ ಮೂಳೆ ಮುರಿಯಿತು, ಶಸ್ತ್ರಚಿಕಿತ್ಸೆಯಾಯಿತು. ಆಸ್ಟ್ರೇಲಿಯಾಕ್ಕೆ ಬರಲಿಲ್ಲ, ಮಲೇಷ್ಯಾಕ್ಕೂ ಬರುವುದಿಲ್ಲ. ಗುದ್ದಿದವನು ಎರಡು ವಾರದಲ್ಲಿ ವಿಜಯವೇದಿಕೆಯ ಮೇಲಿದ್ದ.

ಮೈಸೂರಿನಲ್ಲಿ ಮೂವತ್ತೊಂದು ವರ್ಷ ಗ್ಯಾರೇಜ್ ನಡೆಸಿ, ಜಾವಾ, ಯೆಜ್ಡಿಗಳನ್ನು ಬಿಚ್ಚಿ ಜೋಡಿಸಿದ ಕೈ ನನ್ನದು. ಟೀವಿಯವರು ಇಂಥದ್ದಕ್ಕೆಲ್ಲ ‘ರೇಸ್ ಎಂದರೆ ಹೀಗೇ’ ಎಂದು ತೇಲಿಸಿಬಿಡುತ್ತಾರೆ. ಹೀಗೇ ಅಲ್ಲ. ಮುಂದಿನ ಬೈಕ್ ಗಾಳಿಯನ್ನು ಸೀಳಿಕೊಂಡು ಹೋಗುವಾಗ ಅದರ ಬೆನ್ನಿಗಿರುವವನಿಗೆ ಎದುರುಗಾಳಿ ಬಹಳ ಕಡಿಮೆ. ಎದುರುಗಾಳಿ ಎಂದರೆ ಪುಕ್ಕಟೆ ಸಿಗುವ ಒಂದು ಬ್ರೇಕ್. ಅದು ತಗ್ಗಿದಾಗ, ದಿನವೂ ಬ್ರೇಕ್ ಲಿವರ್ ಹಿಡಿಯುವ ಜಾಗದಲ್ಲೇ ಹಿಡಿದರೂ ಬೈಕ್ ನಿಲ್ಲದೆ ಮುಂದಿನವನ ಹಿಂದಿನ ಚಕ್ರದತ್ತ ಎಳೆದುಕೊಂಡು ಹೋಗುತ್ತದೆ. ಈಗಿನ ಬೈಕುಗಳಿಗೆ ರೆಕ್ಕೆ ಕಟ್ಟಿದ ಮೇಲಂತೂ ಈ ಸೆಳೆತ ಇನ್ನೂ ಹೆಚ್ಚು. ಇದು ಆ ಇಪ್ಪತ್ತೆರಡು ಸವಾರರಲ್ಲಿ ಯಾರಿಗೂ ಗೊತ್ತಿಲ್ಲದ ಗುಟ್ಟಲ್ಲ. ಗೊತ್ತಿದ್ದೂ, ಟೈರ್ ಇನ್ನೂ ಪೂರ್ತಿ ಬಿಸಿಯೇರದ ಮೊದಲ ಸುತ್ತಿನಲ್ಲಿ ಸಂದಿಗೆ ನುಗ್ಗಿಸುವವನು ಲೆಕ್ಕ ತಪ್ಪಿದ್ದರ ಹೊಣೆ ಹೊರಬೇಕು. ಮುಂದಿನವನ ಬೆನ್ನಿಗೆ ಕಣ್ಣಿಲ್ಲ.

ಹೊರಿಸಿದ ಹೊಣೆ ಎಷ್ಟು? 2019ರಲ್ಲಿ ಬಂದ ಈ ‘ಲಾಂಗ್ ಲ್ಯಾಪ್’ ಶಿಕ್ಷೆಯಲ್ಲಿ ಒಂದು ತಿರುವಿನ ಹೊರಗೆ ಬಣ್ಣ ಬಳಿದ ದಾರಿಯಲ್ಲಿ ಬಳಸಿಕೊಂಡು ಹೋಗಬೇಕು, ಅಷ್ಟೇ. ಪ್ರತಿ ಸಲಕ್ಕೆ ಕೆಲವು ಸೆಕೆಂಡು ಹೋಗುತ್ತದೆ. ಹದಿನೈದನೇ ಸ್ಥಾನಕ್ಕೆ ಒದ್ದಾಡುವ ಬಡಪಾಯಿಗೆ ಆ ಸೆಕೆಂಡುಗಳೆಂದರೆ ಇಡೀ ದಿನದ ಗಂಜಿ. ಬೆಜ್ಜೆಕಿಯಂಥ ವೇಗಿಗೆ ಅದು ಚಿಲ್ಲರೆ. ಒಂದೇ ತಪ್ಪಿಗೆ ಬಡವನಿಗೊಂದು ಬೆಲೆ, ಶ್ರೀಮಂತನಿಗೊಂದು ಬೆಲೆ.

ಪೆಟ್ಟು ನೋಡಿ ಶಿಕ್ಷೆ ಕೊಡಬಾರದು ಎಂದು ನನ್ನ ಮಗ ವಾದಿಸುತ್ತಾನೆ. ಮೂಳೆ ಮುರಿಯುವುದು ಬಿಡುವುದು ಅದೃಷ್ಟ, ಕೃತ್ಯ ಒಂದೇ ಎನ್ನುತ್ತಾನೆ. ಒಪ್ಪಿದೆ. ಹಾಗಾದರೆ ಕೃತ್ಯಕ್ಕೇ ತೂಕದ ಶಿಕ್ಷೆ ಇರಲಿ. ಮೊದಲ ಸುತ್ತಿನಲ್ಲಿ ಹಿಂದಿನಿಂದ ಗುದ್ದಿ ಬೀಳಿಸಿದವನು ಮುಂದಿನ ಓಟವನ್ನು ಟ್ರ್ಯಾಕ್ ಪಕ್ಕದ ರಿಪೇರಿ ಜಾಗವಾದ ಪಿಟ್‌ನಿಂದ, ಎಲ್ಲರೂ ಹೋದ ಮೇಲೆ ಶುರು ಮಾಡಲಿ. ಅದಕ್ಕೂ ಭಾರಿ ಶಿಕ್ಷೆ ಕೊಟ್ಟ ಉದಾಹರಣೆಗಳಿವೆ. 2018ರಲ್ಲಿ ಮಿಸಾನೊದಲ್ಲಿ ಇನ್ನೂರು ಕಿಲೋಮೀಟರ್ ದಾಟಿದ ವೇಗದಲ್ಲಿ ಪಕ್ಕದವನ ಬ್ರೇಕ್ ಲಿವರ್‌ಗೆ ಕೈ ಹಾಕಿದ ರೊಮಾನೊ ಫೆನಾಟಿಯನ್ನೂ, 2021ರಲ್ಲಿ ಆಸ್ಟಿನ್‌ನಲ್ಲಿ ನೇರ ದಾರಿಯಲ್ಲಿ ಅಡ್ಡ ಸರಿದು ಸರಣಿ ಅಪಘಾತಕ್ಕೆ ಕಾರಣನಾದ ಡೆನಿಜ್ ಓಂಜುವನ್ನೂ ಎರಡೆರಡು ಓಟ ಹೊರಗಿಟ್ಟಿದ್ದರು. ಇಬ್ಬರೂ ಸಣ್ಣ ವರ್ಗದ ಹುಡುಗರು ಎಂಬುದನ್ನೂ ಗಮನಿಸಿ.

ಬೆಜ್ಜೆಕಿ ದುಷ್ಟನಲ್ಲ. ಕ್ಷಮೆ ಕೇಳಿದ್ದಾನೆ. ಗುದ್ದಿಸಿಕೊಳ್ಳುವುದು ಹೇಗಿರುತ್ತದೆ ಎಂಬುದೂ ಅವನಿಗೆ ಗೊತ್ತು. 2023ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ನೊಯ್ಡಾದ ಬುದ್ಧ ಸರ್ಕ್ಯೂಟ್‌ಗೆ ಮೋಟೊಜಿಪಿ ಬಂದಾಗ, ಶನಿವಾರದ ಚಿಕ್ಕ ಓಟವಾದ ಸ್ಪ್ರಿಂಟ್‌ನ ಮೊದಲ ತಿರುವಿನಲ್ಲೇ ಅವನಿಗೆ ಗುದ್ದಿದ್ದು ಅವನದೇ ತಂಡದ ಲೂಕಾ ಮರಿನಿ. ಗುದ್ದಿದವನದೇ ಕೊರಳೆಲುಬು ಮುರಿಯಿತು. ಬೆಜ್ಜೆಕಿ ಕಟ್ಟಕಡೆಗೆ ಸರಿದು, ಅಲ್ಲಿಂದ ಐದನೇ ಸ್ಥಾನಕ್ಕೆ ಬಂದು, ಮರುದಿನ ಓಟವನ್ನೇ ಗೆದ್ದ. ನಮ್ಮ ನೆಲದಲ್ಲಿ ನಡೆದದ್ದೆಂದು ನಾನು ಆ ಎರಡೂ ದಿನ ಟೀವಿ ಬಿಟ್ಟು ಏಳಲಿಲ್ಲ, ಊಟದ ತಟ್ಟೆ ಕುರ್ಚಿಗೇ ಬಂತು.

ಮಾರ್ಕೆಜ್ ಕೂಡ ಹಾಲಲ್ಲಿ ತೊಳೆದವನಲ್ಲ. 2018ರಲ್ಲಿ ಅರ್ಜೆಂಟಿನಾದಲ್ಲಿ ವ್ಯಾಲೆಂಟಿನೊ ರೋಸಿಯನ್ನು ಹುಲ್ಲಿಗೆ ತಳ್ಳಿ ಬೀಳಿಸಿ, ಕ್ಷಮೆ ಕೇಳಲು ಹೋದಾಗ ರೋಸಿ ಕಡೆಯವರು ಬಾಗಿಲಲ್ಲೇ ತಡೆದು ವಾಪಸ್ ಕಳುಹಿಸಿದರು. ಆ ರೋಸಿಯಾದರೂ 2011ರಲ್ಲಿ ಜೆರೆಜ್‌ನಲ್ಲಿ ಕೇಸಿ ಸ್ಟೋನರ್‌ನನ್ನು ಕೆಡವಿ, ಹೆಲ್ಮೆಟ್ ತೆಗೆಯದೆಯೇ ಕ್ಷಮೆ ಕೇಳಿದವನು. ನಿನ್ನ ಆಸೆ ನಿನ್ನ ಪ್ರತಿಭೆಯನ್ನು ಮೀರಿತು ಎಂದು ಸ್ಟೋನರ್ ನಗುತ್ತಲೇ ಚುಚ್ಚಿದ್ದ.

ಈ ಕ್ಷಮೆಯ ನಾಟಕ ನೋಡುವಾಗೆಲ್ಲ ನನಗೆ ಶೋಲಾವರಂ ನೆನಪಾಗುತ್ತದೆ. 1980ರ ದಶಕದ ಆರಂಭ. ಮದ್ರಾಸಿನ ಹೊರಗೆ ಹಳೆಯ ವಿಮಾನದ ಓಡುದಾರಿಯ ಮೇಲೆ ರೇಸ್. ಗೆಳೆಯನ ಯೆಜ್ಡಿಯನ್ನು ಲಾರಿಯಲ್ಲಿ ಹೇರಿಕೊಂಡು ಹೋಗಿದ್ದೆವು. ಅಭ್ಯಾಸದ ಓಟದಲ್ಲಿ ಅವನು ಒಂದು ತಿರುವಿನ ಒಳಗೆ ನುಗ್ಗಿಸಿ ಇನ್ನೊಬ್ಬನನ್ನು ಕೆಡವಿದ. ಬಿದ್ದವನ ಅಂಗೈಯಲ್ಲಿ ಜಲ್ಲಿ ಹೊಕ್ಕಿತ್ತು, ಸ್ಪ್ಯಾನರ್ ಹಿಡಿಯಲಾಗುತ್ತಿರಲಿಲ್ಲ. ಜೊತೆಗೆ ಮೆಕ್ಯಾನಿಕ್ ಕೂಡ ಇರಲಿಲ್ಲ. ನನ್ನ ಗೆಳೆಯ ಮಾತಾಡದೆ ನಮ್ಮ ಟೂಲ್ ಪೆಟ್ಟಿಗೆ ಎತ್ತಿಕೊಂಡು ಹೋದ. ಆ ಬೈಕಿನ ಮುಂದಿನ ಚಕ್ರ ಹಿಡಿದಿರುವ ಫೋರ್ಕ್‌ನ ಕ್ಲ್ಯಾಂಪಿನ ಬೋಲ್ಟ್ ಸಡಿಲಿಸಿ, ಮುಂದಿನ ಚಕ್ರವನ್ನು ಎರಡು ಮೊಣಕಾಲ ನಡುವೆ ಅವಚಿ, ಹ್ಯಾಂಡಲ್ ತಿರುಚಿ ತಿರುಚಿ ನೆಟ್ಟಗೆ ತಂದ. ನಾನು ಟಾರ್ಚ್ ಹಿಡಿದಿದ್ದೆ. ಸೊಟ್ಟಗಾದ ಕ್ಲಚ್ ಲಿವರ್ ಬದಲಿಗೆ ನಮ್ಮ ಬಳಿ ಇದ್ದ ಒಂದೇ ಒಂದು ಬಿಡಿ ಲಿವರನ್ನು ಹಾಕಿಕೊಟ್ಟ. ಮುಗಿದಾಗ ರಾತ್ರಿ ಹತ್ತು ದಾಟಿತ್ತು. ಆಮೇಲೆ ನಮ್ಮ ಬೈಕ್ ಸರಿಮಾಡಿಕೊಳ್ಳಲು ಕೂತೆವು, ನಿದ್ದೆ ಇಲ್ಲ. ಮರುದಿನ ಅವನು ನಿರೀಕ್ಷೆಗಿಂತ ಬಹಳ ಹಿಂದೆ ಬಂದ.

ಬೀಳುವುದು ಒಂದು, ಹಿಂದಿನವರ ದಾರಿಯಲ್ಲಿ ಬೀಳುವುದು ಬೇರೆಯೇ ಒಂದು. ಮಾರ್ಕೊ ಸಿಮೊನ್ಸೆಲಿಯ ನುಗ್ಗಾಟದ ಬಗ್ಗೆ 2011ರಲ್ಲಿ ಎಲ್ಲರೂ ದೂರುತ್ತಿದ್ದರು, ಅವನು ತಗುಲಿಸಿ ಡಾನಿ ಪೆಡ್ರೊಸಾನ ಕೊರಳೆಲುಬು ಮುರಿದಿತ್ತು. ಅದೇ ವರ್ಷ ಅಕ್ಟೋಬರ್ 23ರಂದು ಮಲೇಷ್ಯಾದ ಸೆಪಾಂಗ್‌ನಲ್ಲಿ ಸಿಮೊನ್ಸೆಲಿ ಯಾರೂ ತಳ್ಳದೆ ತಾನಾಗಿ ಜಾರಿದ. ಬೈಕ್ ಹೊರಗೆ ಹೋಗುವ ಬದಲು ಟ್ರ್ಯಾಕಿಗೇ ಅಡ್ಡ ಬಂತು, ಹಿಂದಿದ್ದ ಇಬ್ಬರಿಗೆ ತಪ್ಪಿಸಲು ಸಮಯವಿರಲಿಲ್ಲ. ಸತ್ತಾಗ ಅವನಿಗೆ 24 ವರ್ಷ. ಪಾಪದ ಫಲ ಎಂದು ನಾನು ಹೇಳುತ್ತಿಲ್ಲ, ಆ ಹುಡುಗನ ಕೂದಲಿನ ಪೊದೆ ನನಗೆ ಬಹಳ ಇಷ್ಟವಿತ್ತು. ಒಬ್ಬನನ್ನು ಬೀಳಿಸುವವನು ಅವನನ್ನು ಎಲ್ಲಿಗೆ ಬೀಳಿಸುತ್ತಿದ್ದಾನೆ ಎಂಬುದು ಯಾರ ಕೈಯಲ್ಲೂ ಇಲ್ಲ ಎನ್ನುತ್ತಿದ್ದೇನೆ.

ಬರುವ ಭಾನುವಾರ, ಅಕ್ಟೋಬರ್ 26ರಂದು, ಅದೇ ಸೆಪಾಂಗ್‌ನಲ್ಲಿ ರೇಸ್ ಇದೆ. ಯಾರು ಗೆದ್ದರೆಂದು ಮೊಬೈಲ್‌ನಲ್ಲಿ ಆ ರಾತ್ರಿಯೇ ತಿಳಿಯುತ್ತದೆ. ಯಾರು ಯಾರಿಗೆ ಗುದ್ದಿದರು, ಯಾವ ತಿರುವಿನಲ್ಲಿ, ಎಷ್ಟು ದಂಡ ಬಿತ್ತು ಎಂಬುದಕ್ಕೆ ದಯವಿಟ್ಟು ಸೋಮವಾರದ ಪುಟದಲ್ಲಿ ಆರನೇ ಸಾಲನ್ನು ಉಳಿಸಿಡಿ.

— ಒಬ್ಬ ನಿವೃತ್ತ ಮೆಕ್ಯಾನಿಕ್, ಮಂಡಿ ಮೊಹಲ್ಲಾ, ಮೈಸೂರು