‘ದಾಖಲೆ ಕಂಡುಬಂದಿಲ್ಲ’ ಎನ್ನುವ ಮುನ್ನ ಕ್ವೆರಿಯನ್ನು ನೋಡಿ

ಮಾನ್ಯ ಸಂಪಾದಕರೇ,

ಜಾಲತಾಣದಲ್ಲಿ ಹೆಸರನ್ನೋ ಸರ್ವೆ ನಂಬರನ್ನೋ ಕೊಟ್ಟು ಹುಡುಕಿದವರಿಗೆ ‘ದಾಖಲೆ ಕಂಡುಬಂದಿಲ್ಲ’ ಎಂಬ ಉತ್ತರ ಬರುವುದು, ಅದನ್ನೇ ನಂಬಿ ಅವರು ಕಚೇರಿಯಿಂದ ಕಚೇರಿಗೆ ಅಲೆಯುವುದು ಈಗ ತೀರ ಸಾಮಾನ್ಯವಾಗಿದೆ. ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಡೇಟಾಬೇಸ್ ಪಾಠ ಮಾಡುವ ನಾನು ಇಂಥ ಪುಟಗಳ ಹಿಂದಿರುವ ಕೋಡನ್ನು ಆಗಾಗ ನೋಡುತ್ತಿರುತ್ತೇನೆ. ಎಷ್ಟೋ ಸಲ ದಾಖಲೆ ಡೇಟಾಬೇಸ್‌ನ ಟೇಬಲ್‌ನಲ್ಲಿ (ಮಾಹಿತಿಯ ಕೋಷ್ಟಕದಲ್ಲಿ) ಸರಿಯಾಗಿಯೇ ಇರುತ್ತದೆ. ಜನರು ಟೈಪ್ ಮಾಡಿದ ಮೌಲ್ಯವೇ ಕ್ವೆರಿಯನ್ನು, ಅಂದರೆ ಡೇಟಾಬೇಸ್‌ಗೆ ಕೊಡುವ ಹುಡುಕಾಟದ ಆದೇಶವನ್ನು, ಸೇರುವ ದಾರಿಯಲ್ಲಿ ಕೆಟ್ಟುಹೋಗಿರುತ್ತದೆ. ಹುಡುಕಾಟ ಸೋತದ್ದನ್ನು ದಾಖಲೆಯೇ ಇಲ್ಲವೆಂದು ಹೇಳುವ ಪುಟವು ಜನರಿಗೆ ಸುಳ್ಳು ಹೇಳುತ್ತಿದೆ ಎಂದೇ ನನ್ನ ಭಾವನೆ.

ಕರಾವಳಿಯ ಓದುಗರಿಗೆ ಚೆನ್ನಾಗಿ ಗೊತ್ತಿರುವ ಉದಾಹರಣೆಯೊಂದನ್ನು ಕೊಡುತ್ತೇನೆ. ಡಿ'ಸೋಜ, ಡಿ'ಸಿಲ್ವ, ಡಿ'ಕುನ್ಹ ಮೊದಲಾದ ಮನೆತನದ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಮೊದಲ ಅಕ್ಷರದ ಬಳಿಕ ಅಪಾಸ್ಟ್ರಫಿ ಬರುತ್ತದೆ. ಡೇಟಾಬೇಸ್‌ಗೆ ಆದೇಶ ಕೊಡುವ ಎಸ್‌ಕ್ಯೂಎಲ್ ಭಾಷೆಯಲ್ಲಿ ಅದೇ ಚಿಹ್ನೆ ಪಠ್ಯದ ಆರಂಭವನ್ನೂ ಮುಕ್ತಾಯವನ್ನೂ ಸೂಚಿಸುತ್ತದೆ. ಕೋಡ್ ಬರೆದವರು ಆದೇಶದ ಒಂದು ತುಂಡು, ಬಳಕೆದಾರರು ಕೊಟ್ಟ ಹೆಸರು, ಆದೇಶದ ಇನ್ನೊಂದು ತುಂಡು ಎಂದು ಮೂರನ್ನೂ ಅಂಟಿಸಿ ಕ್ವೆರಿ ಕಟ್ಟಿದ್ದರೆ, ‘ಡಿ’ ಎಂಬಲ್ಲಿಗೆ ಹೆಸರು ಮುಗಿಯಿತೆಂದು ತಿಳಿಯುವ ಡೇಟಾಬೇಸ್, ಉಳಿದ ‘ಸೋಜ’ವನ್ನು ಆದೇಶದ ಭಾಗವೆಂದು ಓದಲು ಹೋಗಿ, ಅರ್ಥವಾಗದೆ ಎರರ್ ಕೊಟ್ಟು ನಿಲ್ಲುತ್ತದೆ. ಪುಟ ಆ ಎರರನ್ನು ನುಂಗಿಕೊಂಡು ದಾಖಲೆ ಇಲ್ಲವೆನ್ನುತ್ತದೆ. ಕೌಂಟರಿನಲ್ಲಿ ಕೇಳಿದರೆ ‘ಆ ಗುರುತು ತೆಗೆದು ಅರ್ಜಿ ಹಾಕಿ’ ಎಂಬ ಸಲಹೆ ಸಿಗುತ್ತದೆ. ಹಾಗೆ ಮಾಡಿದವರ ಹೆಸರು ಮುಂದೆ ಅಂಕಪಟ್ಟಿಗೂ ಆಧಾರ್‌ಗೂ ಹೊಂದದೆ ಹೊಸ ತೊಡಕು ಹುಟ್ಟಿಕೊಳ್ಳುತ್ತದೆ. ಕೋಡ್‌ನ ದೋಷಕ್ಕೆ ಮನುಷ್ಯರ ಹೆಸರನ್ನು ತಿದ್ದುವುದು ಯಾವ ರೀತಿಯಲ್ಲೂ ಒಪ್ಪತಕ್ಕದ್ದಲ್ಲ.

ಇದೇ ಬಿರುಕಿನಿಂದ ಕಳ್ಳರೂ ಒಳಗೆ ಬರುತ್ತಾರೆ. ಹೆಸರಿನ ಜಾಗದಲ್ಲಿ ಉದ್ದೇಶಪೂರ್ವಕವಾಗಿ ಎಸ್‌ಕ್ಯೂಎಲ್ ತುಣುಕನ್ನು ಬರೆದು ಇಡೀ ಟೇಬಲ್ ಹೊರತೆಗೆಯಬಹುದೆಂಬುದು 1998ರಲ್ಲೇ ಪ್ರಕಟವಾಗಿದ್ದ ವಿಷಯ. ಆದರೂ 2015ರಲ್ಲಿ ಬ್ರಿಟನ್ನಿನ ಟಾಕ್‌ಟಾಕ್ ದೂರಸಂಪರ್ಕ ಕಂಪನಿಯ ಸುಮಾರು 1.57 ಲಕ್ಷ ಗ್ರಾಹಕರ ಮಾಹಿತಿ ಸೋರಿಹೋದದ್ದು ಇದೇ ವಿಧಾನದಿಂದ. ಆ ಕಂಪನಿ 2009ರಲ್ಲಿ ಖರೀದಿಸಿದ್ದ ಇನ್ನೊಂದು ಸಂಸ್ಥೆಯಿಂದ ಬಂದ ಹಳೆಯ ಪುಟಗಳನ್ನು ಯಾರೂ ಪರಿಶೀಲಿಸಿರಲಿಲ್ಲ. ಅಲ್ಲಿನ ಮಾಹಿತಿ ಆಯುಕ್ತರ ಕಚೇರಿ 2016ರಲ್ಲಿ 4 ಲಕ್ಷ ಪೌಂಡ್ ದಂಡ ವಿಧಿಸಿತು.

ಪರಿಹಾರ ಹೊಸದೂ ಅಲ್ಲ, ದುಬಾರಿಯೂ ಅಲ್ಲ. ಮೌಲ್ಯ ಬರಬೇಕಾದ ಕಡೆ ‘?’ ಚಿಹ್ನೆ ಇಟ್ಟು ಕ್ವೆರಿಯನ್ನು ಮೊದಲು ಸಿದ್ಧಪಡಿಸಿ, ಮೌಲ್ಯವನ್ನು ಪ್ಯಾರಾಮೀಟರ್ ಆಗಿ ಪ್ರತ್ಯೇಕವಾಗಿ ಕೊಡಬೇಕು. ಮುದ್ರಿತ ಅರ್ಜಿ ನಮೂನೆಯ ಖಾಲಿ ಜಾಗದಲ್ಲಿ ಏನೇ ಬರೆದರೂ ನಮೂನೆಯ ನಿಯಮ ಬದಲಾಗುವುದಿಲ್ಲವಷ್ಟೆ. ಹಾಗೆಯೇ ಹೀಗೆ ಕೊಟ್ಟ ಹೆಸರಿನೊಳಗಿನ ಅಪಾಸ್ಟ್ರಫಿ ಬರಿಯ ಒಂದು ಅಕ್ಷರವಾಗಿ ಉಳಿಯುತ್ತದೆ. ಜಾಲಪುಟಗಳ ಕೋಡ್ ಬರೆಯುವ ಪಿಎಚ್‌ಪಿ ಭಾಷೆಯಲ್ಲಿ ಇದಕ್ಕೆ ಬೇಕಾದ, ಡೇಟಾಬೇಸ್ ಸಂಪರ್ಕದ ಸಾಧನವಾದ ಪಿಡಿಒ 2005ರಿಂದಲೂ ಇದೆ; ಪ್ಯಾರಾಮೀಟರ್ ಕೊಡುವ ಸೌಲಭ್ಯವಿಲ್ಲದ, ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್‌ಗಾಗಿದ್ದ ಹಳೆಯ ಫಂಕ್ಷನ್‌ಗಳನ್ನು 2015ರ ಪಿಎಚ್‌ಪಿ 7ರಲ್ಲಿ ತೆಗೆದೇ ಹಾಕಲಾಗಿದೆ. ಹೀಗಿದ್ದರೂ ಅಂಟಿಸಿ ಕಟ್ಟುವ ಪದ್ಧತಿ ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಗಳಲ್ಲಿ ವರ್ಷದಿಂದ ವರ್ಷಕ್ಕೆ ನಕಲಾಗುತ್ತಾ ಬರುತ್ತಿರುವುದನ್ನು ಕಂಡಾಗ ನೋವಾಗುತ್ತದೆ.

ಪ್ಯಾರಾಮೀಟರ್ ಬಳಸಿದ ಮಾತ್ರಕ್ಕೆ ಎಲ್ಲವೂ ಮುಗಿಯಿತೆಂದಲ್ಲ. ‘?’ ಚಿಹ್ನೆಯನ್ನು ಕೋಟ್ (ಉದ್ಧರಣ ಚಿಹ್ನೆ) ಒಳಗೆ ಹಾಕಿದರೆ ಡೇಟಾಬೇಸ್ ಅದನ್ನು ಬರಿಯ ಪ್ರಶ್ನಾರ್ಥಕ ಚಿಹ್ನೆಯೆಂದೇ ತಿಳಿಯುತ್ತದೆ. ಹೆಸರಿನ ಭಾಗದಿಂದ ಹುಡುಕಬೇಕಾದಾಗ ‘%’ ಚಿಹ್ನೆಯನ್ನು ಕ್ವೆರಿಗಲ್ಲ, ಮೌಲ್ಯಕ್ಕೆ ಸೇರಿಸಿ ಕೊಡಬೇಕು. ಟೇಬಲ್ ಅಥವಾ ಕಾಲಂ ಹೆಸರನ್ನು ಪ್ಯಾರಾಮೀಟರ್ ಆಗಿ ಕೊಡಲು ಬರುವುದಿಲ್ಲ. ಯಾವ ಕಾಲಂ ಪ್ರಕಾರ ಜೋಡಿಸಬೇಕೆಂಬುದನ್ನು ಕೋಡ್‌ನಲ್ಲೇ ಬರೆದಿಟ್ಟ ಪಟ್ಟಿಯಿಂದ ಆರಿಸಬೇಕು.

ಇವೆಲ್ಲಕ್ಕಿಂತ ಅಪಾಯಕಾರಿಯಾದದ್ದು ಎರರ್ ಕೊಡದೆಯೇ ತಪ್ಪು ಉತ್ತರ ಕೊಡುವ ದೋಷ. ಸರ್ವೆ ನಂಬರ್ 45, ಹಿಸ್ಸಾ 2 ಎಂಬುದನ್ನು ನಮ್ಮ ರೈತರು 45/2 ಎಂದು ಬರೆಯುತ್ತಾರೆ. ಅದು ಕೋಟ್ ಇಲ್ಲದೆ ಕ್ವೆರಿಗೆ ಅಂಟಿದರೆ ಮೈಎಸ್‌ಕ್ಯೂಎಲ್ ಭಾಗಾಕಾರ ಮಾಡಿ 22.5 ಎಂಬ ನಂಬರನ್ನು ಹುಡುಕುತ್ತದೆ. ಇನ್ನೊಬ್ಬರು ಸುರಕ್ಷತೆಗೆಂದು ಪಿಎಚ್‌ಪಿಯಲ್ಲಿ ಅದನ್ನು ಪೂರ್ಣಾಂಕಕ್ಕೆ ಬದಲಾಯಿಸಿದರೆ ಹಿಸ್ಸಾ ಉದುರಿಹೋಗಿ 45 ಮಾತ್ರ ಉಳಿಯುತ್ತದೆ, ಆಗ ಬೇರೊಬ್ಬರ ಜಮೀನಿನ ವಿವರ ಪರದೆಯ ಮೇಲೆ ಬಂದರೂ ಬರಬಹುದು. ರಕ್ತದಾನಿಗಳನ್ನು ಹುಡುಕುವ ಪುಟಗಳಲ್ಲಿ ಇನ್ನೊಂದು ಬಗೆಯ ತೊಂದರೆಯಿದೆ. ‘ಎ+’ ಎಂಬ ಗುಂಪನ್ನು ಲಿಂಕ್‌ನಲ್ಲಿ ಹಾಗೆಯೇ ಕಳಿಸಿದರೆ ‘+’ ಚಿಹ್ನೆಯನ್ನು ಸರ್ವರ್ ಖಾಲಿ ಜಾಗವೆಂದು ಓದುತ್ತದೆ. ಅದನ್ನು ‘%2ಬಿ’ ಎಂಬ ಸಂಕೇತಕ್ಕೆ ಬದಲಾಯಿಸಿಯೇ ಕಳಿಸಬೇಕು. ಇಲ್ಲಿ ಕ್ವೆರಿಯಲ್ಲಿ ದೋಷವೇ ಇಲ್ಲ, ಮೌಲ್ಯ ಅದನ್ನು ತಲುಪುವ ಮೊದಲೇ ಹಾಳಾಗಿದೆ.

ಕನ್ನಡದಲ್ಲಿ ಹುಡುಕುವವರ ಪಾಡು ಇನ್ನೂ ಕಷ್ಟದ್ದು. ಟೇಬಲ್ ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನಲ್ಲಿದ್ದರೂ ಪುಟ ಮತ್ತು ಡೇಟಾಬೇಸ್ ನಡುವಿನ ಸಂಪರ್ಕವನ್ನು ಹಳೆಯ ಲ್ಯಾಟಿನ್ ಅಕ್ಷರಸಂಕೇತದಲ್ಲಿ ಬಿಟ್ಟಿದ್ದರೆ ಕನ್ನಡದ ಹೆಸರು ದಾರಿಯಲ್ಲೇ ಕೆಟ್ಟು ಸಾಲು ಪ್ರಶ್ನಾರ್ಥಕ ಚಿಹ್ನೆಗಳಾಗಬಹುದು. ಸಂಪರ್ಕ ತೆರೆಯುವಾಗಲೇ ಯುಟಿಎಫ್8ಎಂಬಿ4 ಎಂಬ ಯೂನಿಕೋಡ್ ಅಕ್ಷರಸಂಕೇತವನ್ನು ನಮೂದಿಸುವುದು ಒಂದೇ ಸಾಲಿನ ಕೆಲಸ. ‘ಕೋ’ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬಿಡಿ ಸಂಕೇತಗಳ ಜೋಡಣೆಯಾಗಿಯೂ ಬರೆಯಬಹುದು. ಎರಡೂ ಸಮಾನವೆಂದು ಯೂನಿಕೋಡ್ ಹೇಳಿದರೂ ಬೈಟ್‌ಗಳನ್ನು ಹೋಲಿಸುವ ಕ್ವೆರಿಗೆ ಅವು ಬೇರೆ ಬೇರೆ. ‘ರಾಮ್’ ಎಂದು ಬರೆದ ಕೊನೆಗೆ ಕಣ್ಣಿಗೆ ಕಾಣದ ಸಂಕೇತವೊಂದು ಉಳಿದಿದ್ದರೂ ಹೆಸರು ಹೊಂದುವುದಿಲ್ಲ. ಉಳಿಸುವಾಗಲೂ ಹುಡುಕುವಾಗಲೂ ಪಠ್ಯವನ್ನು ಒಂದೇ ರೂಪಕ್ಕೆ ತಂದುಕೊಂಡರೆ ಈ ಕಾಟ ತಪ್ಪುತ್ತದೆ.

ದೋಷ ಹುಡುಕುವವರು ಊಹೆಯ ಮೇಲೆ ಕೋಡ್ ತಿದ್ದಬಾರದೆಂದು ನಾನು ವಿದ್ಯಾರ್ಥಿಗಳಿಗೆ ಪದೇ ಪದೇ ಹೇಳುತ್ತೇನೆ. ಮೊದಲು ಸರ್ವರ್‌ಗೆ ಬಂದ ಮೌಲ್ಯವನ್ನು ಎರಡು ಆವರಣ ಚಿಹ್ನೆಗಳ ನಡುವೆ ಲಾಗ್‌ನಲ್ಲಿ (ನಡೆದದ್ದನ್ನು ದಾಖಲಿಸುವ ಕಡತದಲ್ಲಿ) ಬರೆಸಿ, ಜೊತೆಗೆ ಅದರ ಉದ್ದವನ್ನೂ ಬಗೆಯನ್ನೂ (ಅಂಕಿಯೋ ಪಠ್ಯವೋ ಎಂಬುದನ್ನು) ನೋಡಬೇಕು. ಹೆಚ್ಚಿನ ಖಾಲಿ ಜಾಗ, ಕಾಣದ ಸಂಕೇತ ಅಲ್ಲೇ ಸಿಕ್ಕಿಬೀಳುತ್ತವೆ. ಬಳಿಕ ಡೇಟಾಬೇಸ್‌ನ ಕಡೆಯ ಲಾಗ್ ತೆರೆದು, ನಾವು ಕಳಿಸಿದ್ದೇವೆಂದುಕೊಂಡ ಕ್ವೆರಿಯಲ್ಲ, ನಿಜವಾಗಿ ಅಲ್ಲಿಗೆ ತಲುಪಿದ ಕ್ವೆರಿಯನ್ನು ಓದಬೇಕು. 2020ರಲ್ಲಿ ಬಂದ ಪಿಎಚ್‌ಪಿ 8ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಪಿಡಿಒ ತಾನಾಗಿ ಎರರ್ ಎತ್ತಿ ತೋರಿಸದೆ ಸುಮ್ಮನಿರುತ್ತಿತ್ತು. ಹಳೆಯ ಸರ್ವರ್‌ಗಳಲ್ಲಿ ಎರರ್ ತೋರಿಸುವ ಸೆಟ್ಟಿಂಗನ್ನು ನಾವೇ ಬದಲಿಸಬೇಕು. ಎರರ್‌ನ ಪೂರ್ಣ ವಿವರ ಲಾಗ್‌ಗೆ ಹೋಗಲಿ, ಸಾರ್ವಜನಿಕರ ಪರದೆಗೆ ಬೇಡ. ಆದರೆ ಕ್ವೆರಿ ನಡೆಯದೇ ಹೋದಾಗ ‘ತಾಂತ್ರಿಕ ದೋಷದಿಂದ ಹುಡುಕಲಾಗಲಿಲ್ಲ’ ಎಂದು ಪುಟ ಸ್ಪಷ್ಟವಾಗಿ ತಿಳಿಸಲೇಬೇಕು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸೂಕ್ತ ಸುರಕ್ಷತಾ ಕ್ರಮ ಕೈಗೊಳ್ಳದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ನೀಡಿದೆ. ಹಾಗಾಗಿ ಇಲಾಖೆಗಳು, ಸಹಕಾರ ಸಂಘಗಳು, ಕಾಲೇಜುಗಳು ಗುತ್ತಿಗೆದಾರರಿಂದ ಪುಟವನ್ನು ವಹಿಸಿಕೊಂಡು ಬಿಲ್ ಪಾವತಿಸುವ ಮುನ್ನ ಅಪಾಸ್ಟ್ರಫಿ ಇರುವ ಹೆಸರು, ಹಿಸ್ಸಾ ಇರುವ ಸರ್ವೆ ನಂಬರ್, ‘+’ ಇರುವ ರಕ್ತದ ಗುಂಪು ಹಾಗೂ ಬೇರೆ ಬೇರೆ ಕೀಲಿಮಣೆಗಳಲ್ಲಿ ಟೈಪ್ ಮಾಡಿದ ಕನ್ನಡದ ಹೆಸರು, ಇವುಗಳಲ್ಲಿ ತಮಗೆ ಸಂಬಂಧಿಸಿದವನ್ನೆಲ್ಲ ತಮ್ಮ ಸಿಬ್ಬಂದಿಯ ಕೈಯಿಂದಲೇ ಹುಡುಕಿಸಿ ನೋಡಬೇಕು. ಟೆಂಡರ್ ಷರತ್ತಿನಲ್ಲೇ ಇದನ್ನು ಸೇರಿಸಿದರೆ ಹೆಚ್ಚಿನ ಖರ್ಚೇನೂ ಬಾರದು. ಪುಟ ಸ್ವೀಕರಿಸಲಿಲ್ಲವೆಂಬ ಕಾರಣಕ್ಕೆ ಈಗಾಗಲೇ ಹೆಸರಿನ ಗುರುತು ಬಿಟ್ಟು ನೋಂದಾಯಿಸಿಕೊಂಡಿರುವವರಿಗೆ ಅಫಿಡವಿಟ್ ಕೇಳದೆ, ಶುಲ್ಕ ಪಡೆಯದೆ ಅವರ ಹೆಸರನ್ನು ಮೂಲ ರೂಪಕ್ಕೆ ತಿದ್ದಿಕೊಡಬೇಕೆಂದು ಸಂಬಂಧಪಟ್ಟವರನ್ನು ಈ ಪತ್ರದ ಮೂಲಕ ಒತ್ತಾಯಿಸುತ್ತೇನೆ.

ಇತಿ,
ಡಿಪ್ಲೊಮಾ ಕಾಲೇಜಿನ ಉಪನ್ಯಾಸಕ, ಉಡುಪಿ