ಪಾರ್ಡನ್ ಜೊತೆಗೆ ‘ನಿಷೇಧ ತೆರವು’ ಎಂದು ಹಣ ಪಡೆದು ತಪ್ಪು ಸಲಹೆ ಕೊಟ್ಟಿದ್ದರ ಬಗ್ಗೆ ದೂರು

ಇಂದ,
ತಮ್ಮ ಸಂಸ್ಥೆಯ ಗ್ರಾಹಕ,
ಬ್ರಾಂಪ್ಟನ್, ಒಂಟಾರಿಯೊ, ಕೆನಡಾ

ಗೆ,
ವ್ಯವಸ್ಥಾಪಕರು,
ಪಾರ್ಡನ್ (ಹಳೆಯ ಅಪರಾಧದ ದಾಖಲೆಯ ಅಮಾನತು) ಅರ್ಜಿ ಸಿದ್ಧಪಡಿಸಿಕೊಡುವ ಸೇವಾ ಸಂಸ್ಥೆ

ದಿನಾಂಕ: 12 ಮೇ 2025

ವಿಷಯ: ಬಂದೂಕು ಮತ್ತು ವಾಹನ ಚಾಲನೆಯ ನಿಷೇಧಗಳ ಬಗ್ಗೆ ತಮ್ಮ ಕಚೇರಿ ಎರಡು ಬಾರಿ ಕೊಟ್ಟ ತಪ್ಪು ಸಲಹೆ ಹಾಗೂ ಹಣ ಹಿಂದಿರುಗಿಸುವ ಕುರಿತು.

ಮಾನ್ಯರೇ,

ತಮ್ಮ ಕರಪತ್ರದ ಮೇಲೆ ‘ನಿಮ್ಮ ಭಾಷೆಯಲ್ಲೇ ಸೇವೆ’ ಎಂದು ಕನ್ನಡದಲ್ಲೇ ಅಚ್ಚಾಗಿದೆ. ನನ್ನೊಡನೆ ವ್ಯವಹರಿಸಿದ ತಮ್ಮ ಇಬ್ಬರು ಸಲಹೆಗಾರರೂ ಕನ್ನಡದವರೇ. ಆದ್ದರಿಂದ ಈ ದೂರನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನನ್ನ ಮೇಲಿರುವ ಒಂದೇ ಒಂದು ಬಂದೂಕು ನಿಷೇಧದ ಆದೇಶದ ಬಗ್ಗೆ ತಮ್ಮ ಕಚೇರಿ 2023ರಲ್ಲಿ ಒಂದು ಮಾತು ಹೇಳಿತು, 2024ರಲ್ಲಿ ಅದಕ್ಕೆ ತದ್ವಿರುದ್ಧವಾದ ಮಾತು ಹೇಳಿತು. ಎರಡೂ ತಪ್ಪು, ಎರಡಕ್ಕೂ ನಾನು ದುಡ್ಡು ಕೊಟ್ಟಿದ್ದೇನೆ.

ನನ್ನ ತಪ್ಪನ್ನು ಮೊದಲು ಒಪ್ಪಿಕೊಂಡುಬಿಡುತ್ತೇನೆ. 2016ರ ಡಿಸೆಂಬರ್‌ನಲ್ಲಿ ಒಂದು ಪಾರ್ಟಿ ಮುಗಿಸಿ ಹೊರಟಾಗ ನಾನು ಕಾರು ಓಡಿಸುವ ಸ್ಥಿತಿಯಲ್ಲಿರಲಿಲ್ಲ. ಕೀಲಿ ಕಸಿದುಕೊಳ್ಳಲು ಬಂದ ಗೆಳೆಯನನ್ನು ತಳ್ಳಿ ಬೀಳಿಸಿ ಕಾರು ಹತ್ತಿದೆ; ಎರಡು ಸಿಗ್ನಲ್ ದಾಟುವಷ್ಟರಲ್ಲಿ ಪೊಲೀಸರು ಹಿಡಿದರು. 2017ರ ಜೂನ್‌ನಲ್ಲಿ ಕುಡಿದು ವಾಹನ ಓಡಿಸಿದ್ದಕ್ಕೆ 1000 ಡಾಲರ್ ದಂಡವೂ ಒಂದು ವರ್ಷದ ಚಾಲನಾ ನಿಷೇಧವೂ ಆದವು. ಗೆಳೆಯನನ್ನು ತಳ್ಳಿದ್ದಕ್ಕೆ 12 ತಿಂಗಳ ಪ್ರೊಬೇಷನ್, ಅಂದರೆ ಷರತ್ತುಬದ್ಧ ನಿಗಾ, ಆಯಿತು. ಮನೆಯಲ್ಲಿ ಬಾತುಕೋಳಿ ಬೇಟೆಯ ಬಂದೂಕು ಇದ್ದದ್ದನ್ನು ಗಮನಿಸಿದ ನ್ಯಾಯಾಧೀಶರು, ಕ್ರಿಮಿನಲ್ ಕೋಡ್‌ನ ಸೆಕ್ಷನ್ 110ರಡಿ ಹತ್ತು ವರ್ಷ ಬಂದೂಕು ಇಟ್ಟುಕೊಳ್ಳಕೂಡದೆಂದೂ ಆದೇಶಿಸಿದರು. ಎರಡೂ ಅಪರಾಧಗಳು ಸಮ್ಮರಿ ವಿಧಾನದಲ್ಲಿ (ಕಡಿಮೆ ಗಂಭೀರ ಅಪರಾಧಗಳ ಸರಳ ವಿಚಾರಣೆಯಲ್ಲಿ) ಇತ್ಯರ್ಥವಾಗಿದ್ದವು. ದಂಡವನ್ನೂ ಅದರ ಮೇಲಿನ ಸರ್‌ಚಾರ್ಜನ್ನೂ ಅದೇ ವರ್ಷ ಕಟ್ಟಿ ಮುಗಿಸಿದೆ. 2018ರ ಜೂನ್‌ಗೆ ಪ್ರೊಬೇಷನ್ ಮುಗಿಯಿತು, ಚಾಲನಾ ನಿಷೇಧವೂ ಮುಗಿಯಿತು. ಉಳಿದದ್ದು ಬಂದೂಕಿನ ಆದೇಶ ಒಂದೇ. ಅದರ ಅವಧಿ 2027ರ ಜೂನ್‌ವರೆಗೆ ಇದೆ.

ಸಮ್ಮರಿ ಅಪರಾಧಗಳಿಗೆ ಪಾರ್ಡನ್ ಕೇಳಲು ಶಿಕ್ಷೆ ಪೂರ್ತಿಯಾದ ಮೇಲೆ ಐದು ವರ್ಷ ಕಾಯಬೇಕೆಂಬುದು ನನಗೆ ಗೊತ್ತಿತ್ತು. ಅದರಂತೆ ಲೆಕ್ಕ ಹಾಕಿ 2023ರ ಜುಲೈನಲ್ಲಿ ತಮ್ಮ ಕಚೇರಿಗೆ ಬಂದೆ. 180 ಡಾಲರ್ ಸಮಾಲೋಚನಾ ಶುಲ್ಕ ಪಡೆದ ಮೊದಲ ಸಲಹೆಗಾರರು ನನ್ನ ಕಾಗದಗಳನ್ನು ತಿರುವಿ ಹಾಕಿ, ‘ಬಂದೂಕಿನ ಬ್ಯಾನ್ ಕೂಡ ಶಿಕ್ಷೆಯೇ ಸಾರ್, ಅದು ಮುಗಿದ ಮೇಲೆ ಐದು ವರ್ಷ ಎಣಿಸಬೇಕು, ನೀವು 2032ಕ್ಕೆ ಬನ್ನಿ’ ಎಂದರು. 2032! ನನ್ನ ದೊಡ್ಡ ಮಗಳು ಅಷ್ಟು ಹೊತ್ತಿಗೆ ಕಾಲೇಜು ಮುಗಿಸಿರುತ್ತಾಳೆ. ಅವರ ಮಾತನ್ನು ನಂಬಿ ಕಾಗದಗಳನ್ನು ಮಡಚಿಕೊಂಡು ಮನೆಗೆ ಹೋದೆ. ಆ ಜುಲೈನಲ್ಲೇ ಅರ್ಜಿಯ ಕೆಲಸ ಶುರುವಾಗಿದ್ದರೆ 2024ರ ಬೇಸಿಗೆಯ ಹೊತ್ತಿಗೆ ನಿರ್ಧಾರ ಬಂದಿರುವ ಸಂಭವವಿತ್ತು. ಆ ಬೇಸಿಗೆಯಲ್ಲಿ ಒಂದು ಕಡೆ ನನ್ನನ್ನು ಕೆಲಸಕ್ಕೆ ಆರಿಸಿದ ಮೇಲೆ ಪೊಲೀಸ್ ದಾಖಲೆ ಪರಿಶೀಲನೆಯಲ್ಲಿ ಹಳೆಯದು ಕಾಣಿಸಿಕೊಂಡು ಆ ಕೆಲಸ ಕೈತಪ್ಪಿತು.

ಆ ಸಲಹೆ ಏಕೆ ತಪ್ಪು ಎಂದು ತಮಗೆ ನಾನು ವಿವರಿಸಬೇಕಾಗಿ ಬಂದಿರುವುದೇ ವಿಪರ್ಯಾಸ. ಪಾರ್ಡನ್‌ಗೆ ಸಂಬಂಧಿಸಿದ ಕ್ರಿಮಿನಲ್ ರೆಕಾರ್ಡ್ಸ್ ಆಕ್ಟ್ ‘ಶಿಕ್ಷೆ’ ಎಂಬ ಪದಕ್ಕೆ ಕೊಟ್ಟಿರುವ ಅರ್ಥದಲ್ಲೇ ಕ್ರಿಮಿನಲ್ ಕೋಡ್‌ನ ಸೆಕ್ಷನ್ 109 ಮತ್ತು 110ರ ಬಂದೂಕು ನಿಷೇಧದ ಆದೇಶಗಳನ್ನೂ, ಈಗ ಸೆಕ್ಷನ್ 320.24ರಲ್ಲಿರುವ ಚಾಲನಾ ನಿಷೇಧದ ಆದೇಶವನ್ನೂ ಹೊರಗಿಟ್ಟಿದೆ. ಜೈಲುವಾಸ, ಪ್ರೊಬೇಷನ್, ದಂಡ ಇವು ಮುಗಿದ ದಿನದಿಂದ ಕಾಯುವ ಅವಧಿ ಓಡಲು ಶುರುವಾಗುತ್ತದೆ. ನಿಷೇಧದ ಆದೇಶ ಇನ್ನೂ ಜೀವಂತವಾಗಿದ್ದರೂ ಅದು ಆ ಓಟಕ್ಕೆ ಅಡ್ಡ ಬರುವುದಿಲ್ಲ. ಇದು ಯಾವುದೋ ಹಳೆಯ ತೀರ್ಪಿನ ಮೂಲೆಯಲ್ಲಿ ಅಡಗಿರುವ ಸೂಕ್ಷ್ಮವಲ್ಲ. ಪಾರ್ಡನ್ ಅರ್ಜಿ ತುಂಬಿಸುವುದೇ ಕಸುಬಾಗಿರುವ ಕಚೇರಿಗೆ ಇದು ಕಾಗುಣಿತವಿದ್ದಂತೆ.

ಎಂಟು ತಿಂಗಳ ನಂತರ, 2024ರ ಮಾರ್ಚ್‌ನಲ್ಲಿ, ತಮ್ಮ ಎರಡನೇ ಸಲಹೆಗಾರರು ತಾವಾಗಿಯೇ ಫೋನ್ ಮಾಡಿದರು. ‘ಯಾರು ಹೇಳಿದ್ದು ಕಾಯಬೇಕೆಂದು? ಈಗಲೇ ಹಾಕೋಣ’ ಎಂದರು. ಅಲ್ಲಿಗೆ ನಿಲ್ಲಿಸಿದ್ದರೆ ಈ ಪತ್ರದ ಅಗತ್ಯವೇ ಇರುತ್ತಿರಲಿಲ್ಲ. ನಾನು ಕೊಡಗಿನವನೆಂದು ಮಾತಿನ ನಡುವೆ ತಿಳಿದದ್ದೇ ತಡ, ಅವರ ದನಿ ಬದಲಾಯಿತು: ‘ನಿಮ್ಮ ಕಡೆಯವರಿಗೆ ಕೋವಿ ಇಲ್ಲದೆ ಹಬ್ಬ ಹೇಗೆ ಅಣ್ಣ? ಪಾರ್ಡನ್ ಬಂದರೆ ಆ ಬ್ಯಾನ್ ಕೂಡ ಹೋಗುತ್ತದೆ, ಆಮೇಲೆ ಧಾರಾಳವಾಗಿ ಲೈಸೆನ್ಸ್ ಮಾಡಿಸಿ.’ ನಮ್ಮ ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ಮನೆಯ ನಡುಕೋಣೆಯಾದ ನೆಲ್ಲಕ್ಕಿ ಬಾಡೆಯಲ್ಲಿ ದೀಪದ ಮುಂದೆ ಕೋವಿಗಳನ್ನು ಒರಗಿಸಿ, ನಳಿಗೆಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸುವುದನ್ನು ಕಂಡು ಬೆಳೆದವನಿಗೆ ಆ ಮಾತು ಎಲ್ಲಿ ತಾಗಬೇಕೋ ಅಲ್ಲಿಯೇ ತಾಗಿತು. ಭಾರತದ ಆಯುಧ ಕಾಯ್ದೆಯಡಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ಇರುವ ವಿನಾಯಿತಿ ಒಂಟಾರಿಯೊದಲ್ಲಿ ನಡೆಯುವುದಿಲ್ಲವೆಂದು ನನಗೆ ಚೆನ್ನಾಗಿಯೇ ಗೊತ್ತು. ಊರಿನ ನೆನಪನ್ನು ಸರಕು ಮಾರಲು ಬಳಸಿದ್ದು ನನಗೆ ಈಗಲೂ ಸರಿ ಕಾಣುವುದಿಲ್ಲ.

ಆ ಮೇಲೆ ಬಂದ ತಮ್ಮ ಬಿಲ್ಲಿನಲ್ಲಿ ಮೂರು ಸಾಲುಗಳಿವೆ. ಅರ್ಜಿ ಸಿದ್ಧಪಡಿಸಲು 1250 ಡಾಲರ್; ಪಾರ್ಡನ್ ಅರ್ಜಿಗಳನ್ನು ತೀರ್ಮಾನಿಸುವ ಸರ್ಕಾರಿ ಮಂಡಳಿಯಾದ ಪೆರೋಲ್ ಬೋರ್ಡಿಗೆ ಕಟ್ಟಲು 50 ಡಾಲರ್; ‘ನಿಷೇಧ ಆದೇಶ ತೆರವು ಪ್ರಕ್ರಿಯೆ’ಗೆ 350 ಡಾಲರ್. ಸರ್ಕಾರ ತನ್ನ ಅರ್ಜಿ ಶುಲ್ಕವನ್ನು 2022ರ ಜನವರಿ 1ರಿಂದ 657 ಡಾಲರ್ 77 ಸೆಂಟ್‌ನಿಂದ 50 ಡಾಲರ್‌ಗೆ ಇಳಿಸಿದ್ದೇ ಬಡವರಿಗೂ ಅರ್ಜಿ ಕೈಗೆಟುಕಲಿ ಎಂದು. ಆ ಶುಲ್ಕದ ಏಳು ಪಟ್ಟನ್ನು ತಾವು ಪಡೆದಿರುವುದು ಇಲ್ಲದ ಸೇವೆಗೆ. ಆ ಮೂರನೇ ಸಾಲಿನ ಹೆಸರಿನಲ್ಲಿ ತಮ್ಮ ಕಚೇರಿ ಯಾವ ನ್ಯಾಯಾಲಯಕ್ಕೆ, ಯಾವ ಮಂಡಳಿಗೆ, ಯಾವ ಕಾಗದ ಸಲ್ಲಿಸಿತು ಎಂದು ಏಪ್ರಿಲ್‌ನಲ್ಲಿ ಎರಡು ಸಲ ಇಮೇಲ್ ಮಾಡಿ ಕೇಳಿದೆ. ಉತ್ತರ ಬಂದಿಲ್ಲ.

ಅರ್ಜಿಯೇನೋ 2024ರ ಆಗಸ್ಟ್‌ನಲ್ಲಿ ಸಲ್ಲಿಕೆಯಾಯಿತು, 2025ರ ಫೆಬ್ರವರಿಯಲ್ಲಿ ಮಂಜೂರೂ ಆಯಿತು. ಆ ಕೆಲಸದ ಬಗ್ಗೆ ನನ್ನ ತಕರಾರಿಲ್ಲ. ಮಾರ್ಚ್ ತಿಂಗಳ ಒಂದು ಭಾನುವಾರ ಬಂದೂಕು ಲೈಸೆನ್ಸಿನ ಅರ್ಜಿ ತುಂಬಲು ಕೂತಾಗ ಏನೋ ಅಳುಕು ಬಂದು, 2017ರ ನ್ಯಾಯಾಲಯದ ಆದೇಶವನ್ನು ಕಪಾಟಿನಿಂದ ತೆಗೆದೆ. ನಾಲ್ಕು ಮಡಿಕೆಯಾಗಿ ಮಡಚಿಟ್ಟಿದ್ದ ಹಾಳೆ; ಮಡಿಕೆಯ ಗೆರೆ ಸರಿಯಾಗಿ ಅವಧಿಯ ಸಾಲಿನ ಮೇಲೆಯೇ ಹಾದು ಅಕ್ಷರಗಳು ಮಸುಕಾಗಿದ್ದವು. ಆದರೂ ಗುಮಾಸ್ತರು ನೀಲಿ ಶಾಯಿಯಲ್ಲಿ ಬರೆದ ‘10’ ಎಂಬ ಅಂಕಿ ಸ್ಪಷ್ಟವಾಗಿತ್ತು. ಅದರಲ್ಲಿ ಪಾರ್ಡನ್ ಎಂಬ ಪದವೇ ಇಲ್ಲ. ಮರುದಿನ ಬಂದೂಕು ಲೈಸೆನ್ಸ್ ನೋಡಿಕೊಳ್ಳುವ ಕೆನಡಿಯನ್ ಫೈರ್‌ಆರ್ಮ್ಸ್ ಪ್ರೋಗ್ರಾಂಗೆ ಫೋನ್ ಮಾಡಿದಾಗ, ಆ ಕಡೆಯ ಮಹಿಳೆ ಒಂದೇ ವಾಕ್ಯದಲ್ಲಿ ಹೇಳಿದರು: ಆದೇಶ ಮುಗಿಯುವವರೆಗೆ ಲೈಸೆನ್ಸ್ ಪಡೆಯಲು ಅರ್ಹತೆಯೇ ಇಲ್ಲ. ಫೈರ್‌ಆರ್ಮ್ಸ್ ಆಕ್ಟ್‌ನ ಸೆಕ್ಷನ್ 6 ಹೇಳುವುದೂ ಅದನ್ನೇ.

ಆ ಅಳುಕು ಬಾರದಿದ್ದರೆ ಏನಾಗುತ್ತಿತ್ತೆಂದು ತಾವು ಒಮ್ಮೆ ಯೋಚಿಸಬೇಕು. ಬೇಟೆಗೆ ಹೋಗುವ ಸಹೋದ್ಯೋಗಿಯೊಬ್ಬರು ತಮ್ಮ ಬಂದೂಕನ್ನು ನನ್ನ ಕೈಗೆ ಕೊಡಲು ಸಿದ್ಧರಿದ್ದರು. ನಾನೂ ‘ನನ್ನ ಬ್ಯಾನ್ ಹೋಯಿತು’ ಎಂದು ತಮ್ಮ ಸಲಹೆಗಾರರ ವಾಟ್ಸಾಪ್ ಸಂದೇಶವನ್ನು ಅವರಿಗೆ ತೋರಿಸಿಯೂ ಆಗಿತ್ತು. ನಿಷೇಧದ ಆದೇಶವಿರುವಾಗ ಬಂದೂಕು ಇಟ್ಟುಕೊಳ್ಳುವುದು ಸೆಕ್ಷನ್ 117.01ರಡಿ ಹತ್ತು ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದಾದ ಅಪರಾಧ. ಅಂಥ ಹೊಸ ಅಪರಾಧ ಸಾಬೀತಾದರೆ ಕಷ್ಟಪಟ್ಟು ಪಡೆದ ಪಾರ್ಡನ್ನೇ ಕೈಬಿಟ್ಟು ಹೋಗಬಹುದು. ಪಾರ್ಡನ್ ಕೊಡಿಸಿದವರ ಮಾತು ಕೇಳಿಯೇ ಪಾರ್ಡನ್ ಕಳೆದುಕೊಳ್ಳುವ ಗತಿ ನನಗೆ ಬರುತ್ತಿತ್ತು.

ತಮ್ಮ ಎರಡನೇ ಸಲಹೆಗಾರರ ತಪ್ಪಿನ ಮೂಲ ‘ಪಾರ್ಡನ್’ ಎಂಬ ಪದದಲ್ಲೇ ಇರಬಹುದು. 2012ರ ಮಾರ್ಚ್ 13ರಿಂದ ಕ್ರಿಮಿನಲ್ ರೆಕಾರ್ಡ್ಸ್ ಆಕ್ಟ್‌ನಲ್ಲಿ ಆ ಹೆಸರಿಲ್ಲ. ಈಗಿನದು ರೆಕಾರ್ಡ್ ಸಸ್ಪೆನ್ಷನ್, ಅಂದರೆ ದಾಖಲೆಯ ಅಮಾನತು. ಅಪರಾಧ ನಡೆದೇ ಇಲ್ಲವೆಂದು ಅದು ಸಾರುವುದಿಲ್ಲ. ಆ ದಾಖಲೆಯನ್ನು ಉಳಿದ ಕ್ರಿಮಿನಲ್ ದಾಖಲೆಗಳಿಂದ ಬೇರ್ಪಡಿಸಿ ಇಡಿಸುತ್ತದೆ. ಕಾಯ್ದೆಯ ಸೆಕ್ಷನ್ 2.3ರ ಪ್ರಕಾರ, ಸಂಸತ್ತಿನ ಕಾಯ್ದೆಗಳಡಿ ಆ ಅಪರಾಧದಿಂದಾಗಿ ಬಂದ ಅನರ್ಹತೆಗಳನ್ನು ಅದು ತೆಗೆದುಹಾಕುತ್ತದೆ ಎಂಬುದು ನಿಜ. ತಮ್ಮ ಸಲಹೆಗಾರರು ಓದಿದ್ದು ಬಹುಶಃ ಅಷ್ಟನ್ನೇ. ಅದೇ ವಾಕ್ಯ ಮುಂದುವರಿದು, ಕ್ರಿಮಿನಲ್ ಕೋಡ್‌ನ 109, 110, 161, 320.24 ಮುಂತಾದ ಸೆಕ್ಷನ್‌ಗಳ ಆದೇಶಗಳನ್ನೂ, ಚಾಲನಾ ನಿಷೇಧದ ಹಳೆಯ ಸೆಕ್ಷನ್ 259ನ್ನೂ ಹೆಸರಿಸಿ ಈ ವಿನಾಯಿತಿಯಿಂದ ಹೊರಗಿಟ್ಟಿದೆ. ಹೀಗೆ ಕಾಯುವ ಅವಧಿಯನ್ನು ಎಣಿಸುವಾಗ ನಿಷೇಧ ಲೆಕ್ಕಕ್ಕಿಲ್ಲ, ಪಾರ್ಡನ್ ಬಂದಾಗ ಅದು ತೊಲಗುವುದೂ ಇಲ್ಲ. ಬರುವಾಗ ಅಡ್ಡಿಯಲ್ಲ, ಬಂದ ಮೇಲೆ ಬಿಡುಗಡೆಯಲ್ಲ. ತಮ್ಮ ಮೊದಲ ಸಲಹೆಗಾರರು ಮೊದಲರ್ಧವನ್ನು ತಲೆಕೆಳಗು ಮಾಡಿದರು, ಎರಡನೆಯವರು ಉಳಿದರ್ಧವನ್ನು.

ಬಂದೂಕಿನ ವಿಚಾರದಲ್ಲಿ ಈ ಗೊಂದಲ ಹೆಚ್ಚು ಅಪಾಯಕಾರಿಯಾಗಲು ಕಾರಣವಿದೆ. ಮೊದಲ ಸಲ ಕುಡಿದು ಓಡಿಸಿದವರಿಗೆ ಚಾಲನಾ ನಿಷೇಧ ಸಾಮಾನ್ಯವಾಗಿ ಒಂದರಿಂದ ಮೂರು ವರ್ಷ. ಐದು ವರ್ಷ ಕಾದು ಪಾರ್ಡನ್ ಪಡೆಯುವ ಹೊತ್ತಿಗೆ ಅದು ತಾನಾಗಿ ಮುಗಿದಿರುತ್ತದೆ, ಹಾಗಾಗಿ ಪಾರ್ಡನ್ನಿಂದಲೇ ಹೋಯಿತೆಂಬ ಭ್ರಮೆಗೆ ಎಡೆಯಿದೆ. ಬಂದೂಕಿನ ಆದೇಶ ಹತ್ತು ವರ್ಷ, ಕೆಲವೊಮ್ಮೆ ಆಜೀವ. ಪಾರ್ಡನ್ ಬಂದಾಗಲೂ ಅದು ಅಲ್ಲೇ ಇರುತ್ತದೆ.

ಚಾಲನೆಯ ಬಗ್ಗೆಯೂ ತಮ್ಮ ಕನ್ನಡ ಕರಪತ್ರದ ಎರಡನೇ ಪುಟದಲ್ಲಿ ‘ಡ್ರೈವಿಂಗ್ ಬ್ಯಾನ್, ಗನ್ ಬ್ಯಾನ್, ಇನ್ಶೂರೆನ್ಸ್ ತೊಂದರೆ ಎಲ್ಲಕ್ಕೂ ಒಂದೇ ಪರಿಹಾರ’ ಎಂದಿದೆ. ಎರಡನೇ ಸಲ ಸಿಕ್ಕಿಬಿದ್ದವರಿಗೆ ಈಗಿನ ಕಾನೂನಿನಲ್ಲಿ ಎರಡರಿಂದ ಹತ್ತು ವರ್ಷದವರೆಗೆ ಚಾಲನಾ ನಿಷೇಧವಾಗಬಹುದು. ಅಂಥವರೊಬ್ಬರು ಈ ಸಾಲನ್ನು ನಂಬಿ ಪಾರ್ಡನ್ ಬಂದ ದಿನವೇ ಕಾರು ತೆಗೆದರೆ ಅದು ಸೆಕ್ಷನ್ 320.18ರ ಅಪರಾಧ. ಇನ್ನು ಒಂಟಾರಿಯೊ ಸರ್ಕಾರ ಹೈವೇ ಟ್ರಾಫಿಕ್ ಆಕ್ಟ್‌ನಡಿ ಲೈಸೆನ್ಸ್ ಅಮಾನತು ಮಾಡುವುದು ಬೇರೆಯೇ ವಿಷಯ. ರೆಕಾರ್ಡ್ ಸಸ್ಪೆನ್ಷನ್ ತೆಗೆಯುವುದು ಸಂಸತ್ತಿನ ಕಾಯ್ದೆಗಳಡಿಯ ಅನರ್ಹತೆಗಳನ್ನು, ಪ್ರಾಂತ್ಯದ ಕಾಯ್ದೆ ಆ ಮಾತಿನೊಳಗೆ ಬರುವುದಿಲ್ಲ. ವಿಮಾ ಕಂಪನಿ ಲೈಸೆನ್ಸ್ ಅಮಾನತಿನ ಬಗ್ಗೆ ಕೇಳಿದರೆ ‘ಇಲ್ಲ’ ಎನ್ನಿ ಎಂದು ತಮ್ಮ ಸಲಹೆಗಾರರು ನನಗೆ ಹೇಳಿಕೊಟ್ಟರು. ನಾನು ಹಾಗೆ ಹೇಳಲಿಲ್ಲ. ಹೇಳಿ ಆಮೇಲೆ ಅಪಘಾತವಾಗಿದ್ದರೆ ಪರಿಹಾರಕ್ಕಾಗಿ ಯಾರ ಬಾಗಿಲು ತಟ್ಟಬೇಕಿತ್ತು?

ನಿಷೇಧ ಸಡಿಲಿಸಿಕೊಳ್ಳಲು ದಾರಿಯೇ ಇಲ್ಲವೆಂದಲ್ಲ. ಐದು ವರ್ಷಕ್ಕಿಂತ ದೀರ್ಘವಾದ ಚಾಲನಾ ನಿಷೇಧವಾದರೆ ಐದು ವರ್ಷ ಕಳೆದ ಮೇಲೆ, ಆಜೀವ ನಿಷೇಧವಾದರೆ ಹತ್ತು ವರ್ಷ ಕಳೆದ ಮೇಲೆ, ಅದನ್ನು ರದ್ದುಪಡಿಸಲು ಅಥವಾ ಬದಲಿಸಲು ಪೆರೋಲ್ ಬೋರ್ಡಿಗೆ ಪ್ರತ್ಯೇಕ ಅರ್ಜಿ ಹಾಕಬಹುದು. ಹೊಟ್ಟೆಪಾಡಿನ ಬೇಟೆಗೋ ಉದ್ಯೋಗಕ್ಕೋ ಬಂದೂಕು ಅನಿವಾರ್ಯವಾದವರು ಸೆಕ್ಷನ್ 113ರಡಿ ನ್ಯಾಯಾಲಯವನ್ನು ಕೇಳಬಹುದು. ಇವೆರಡಕ್ಕೂ ಆಚೆ, ಅಪರೂಪದ ಪ್ರಕರಣಗಳಿಗೆ ರಾಜಾಧಿಕಾರದ ಕ್ಷಮೆಯ ದಾರಿಯಿದೆ. ಬಾತುಕೋಳಿ ಬೇಟೆಯ ಚಟವುಳ್ಳ ನನ್ನಂಥ ಕಚೇರಿ ನೌಕರನಿಗೆ ಇವುಗಳಲ್ಲಿ ಯಾವುದೂ ಒದಗುವುದಿಲ್ಲ. ‘ನಿಮ್ಮ ಆದೇಶ 2027ರವರೆಗೆ ಇದೆ, ಅಲ್ಲಿಯವರೆಗೆ ಬಂದೂಕು ಮುಟ್ಟಬೇಡಿ, ಪಾರ್ಡನ್‌ಗೆ ಮಾತ್ರ ಈಗಲೇ ಅರ್ಜಿ ಹಾಕಿ’ ಎಂದು 2023ರ ಜುಲೈನಲ್ಲಿ ಹೇಳಿದ್ದರೆ ನಾನು ಆ 180 ಡಾಲರನ್ನು ಸಂತೋಷದಿಂದ ಕೊಡುತ್ತಿದ್ದೆ.

ಆದ್ದರಿಂದ ‘ನಿಷೇಧ ಆದೇಶ ತೆರವು ಪ್ರಕ್ರಿಯೆ’ಯ 350 ಡಾಲರ್ ಮತ್ತು ಮೊದಲ ಸಮಾಲೋಚನೆಯ 180 ಡಾಲರ್, ಒಟ್ಟು 530 ಡಾಲರ್ ಅನ್ನು ತಾವು ಹಿಂದಿರುಗಿಸಬೇಕು. ಅರ್ಜಿಯ 1250 ಡಾಲರ್ ಅನ್ನು ನಾನು ಕೇಳುತ್ತಿಲ್ಲ. ಆ ಕೆಲಸ ಆಗಿದೆ. ಕರಪತ್ರದ ಎರಡನೇ ಪುಟವನ್ನು ಎಲ್ಲ ಭಾಷೆಗಳಲ್ಲೂ ತಿದ್ದಿಸಿ, ತಿದ್ದಿದ ಪ್ರತಿಯೊಂದನ್ನು ನನಗೆ ಕಳುಹಿಸಬೇಕು. ಇದಕ್ಕಿಂತ ಮುಖ್ಯವಾದ ಇನ್ನೊಂದು ಬೇಡಿಕೆಯಿದೆ: 2024ರ ಜನವರಿಯಿಂದ ಈಚೆಗೆ ಆ ಮೂರನೇ ಸಾಲಿಗೆ ಹಣ ಕಟ್ಟಿದ ಪ್ರತಿಯೊಬ್ಬ ಗ್ರಾಹಕರಿಗೂ, ಅವರ ನಿಷೇಧದ ಆದೇಶ ಈಗಲೂ ಜಾರಿಯಲ್ಲಿರಬಹುದು ಎಂದು ತಾವು ಲಿಖಿತವಾಗಿ ತಿಳಿಸಬೇಕು. ಅವರಲ್ಲಿ ಯಾರಾದರೂ ಈಗಾಗಲೇ ಕಾರು ಓಡಿಸುತ್ತಿರಬಹುದು, ಬಂದೂಕು ಕೊಂಡಿರಬಹುದು. ಅವರೆಲ್ಲರಿಗೂ ಹಳೆಯ ಆದೇಶದ ಹಾಳೆಯನ್ನು ಕಪಾಟಿನಿಂದ ತೆಗೆದು ನೋಡುವ ಬುದ್ಧಿ ಬರುತ್ತದೆಂದು ತಾವು ಲೆಕ್ಕ ಹಾಕಿ ಕೂರುವಂತಿಲ್ಲ.

ಈ ಪತ್ರ ತಲುಪಿದ 15 ಕೆಲಸದ ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದಲ್ಲಿ, ದಾರಿ ತಪ್ಪಿಸುವ ಹೇಳಿಕೆ ಕೊಟ್ಟು ಸೇವೆ ಮಾರುವುದನ್ನು ನಿಷೇಧಿಸುವ ಒಂಟಾರಿಯೊದ 2002ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಪ್ರಾಂತ್ಯ ಸರ್ಕಾರಕ್ಕೆ ದೂರು ಸಲ್ಲಿಸುತ್ತೇನೆ. ಹಣಕ್ಕಾಗಿ ಸ್ಮಾಲ್ ಕ್ಲೇಮ್ಸ್ ಕೋರ್ಟಿಗೂ ಹೋಗುತ್ತೇನೆ. ಬಿಲ್ಲಿನ ಪ್ರತಿ, ವಾಟ್ಸಾಪ್ ಸಂದೇಶದ ಚಿತ್ರ, ಕರಪತ್ರದ ಎರಡನೇ ಪುಟ ಹಾಗೂ 2017ರ ಆದೇಶದ ಪ್ರತಿಯನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಆದೇಶದ ಮಡಿಕೆಯ ಗೆರೆ ನಕಲಿನಲ್ಲಿ ಕಪ್ಪಾಗಿ ಬಂದಿದೆ. ಅವಧಿಯ ಅಂಕಿ ಓದಲು ಬಾರದಿದ್ದರೆ ತಿಳಿಸಿ, ಮೂಲವನ್ನೇ ತಂದು ತೋರಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ)