ಆಯುಕ್ತರೇ, ಒಂದು ಪುಟದ ಸುತ್ತೋಲೆ ಹೊರಡಿಸಿ

ನಗರದ ಮಾನ್ಯ ಆಯುಕ್ತರಿಗೆ,

ನಮಸ್ಕಾರ ಸರ್.

ನಾನು ಪತ್ರಿಕೋದ್ಯಮ ಕಲಿಸುವವಳು. ಹನ್ನೊಂದು ವರ್ಷದಿಂದ ಕೊನೆಯ ಸೆಮಿಸ್ಟರ್‌ನ ಮಕ್ಕಳಿಗೆ ಒಂದೇ ಪ್ರಾಜೆಕ್ಟ್ ಕೊಡುತ್ತಾ ಬಂದಿದ್ದೇನೆ. ನಗರದ ಯಾವುದಾದರೂ ಒಂದು ಬಡಾವಣೆ ಆರಿಸಿಕೊಳ್ಳಿ, ಮೂರು ತಿಂಗಳು ಅಲ್ಲೇ ಓಡಾಡಿ, ಆ ಜಾಗದ ಕಥೆಯನ್ನು ಬರಹ, ಫೋಟೋ, ವಿಡಿಯೋ, ಧ್ವನಿ, ನಕ್ಷೆ ಎಲ್ಲ ಸೇರಿಸಿ ಹೇಳಿ ಅಂತ. ಈ ಪ್ರಾಜೆಕ್ಟ್‌ಗಾಗಿ ನಿಮ್ಮ ಕಚೇರಿಗೆ ಕೊಟ್ಟ ಅರ್ಜಿಗಳ ಸ್ವೀಕೃತಿ ಪ್ರತಿಗಳಿಂದಲೇ ನನ್ನ ಹತ್ತಿರ ಒಂದು ಫೈಲ್ ತುಂಬಿದೆ. ಉತ್ತರ ಬಂದದ್ದು ಎರಡಕ್ಕೆ ಮಾತ್ರ. ಎರಡರಲ್ಲೂ ಇದ್ದದ್ದು "ಪರಿಶೀಲನೆಯಲ್ಲಿದೆ" ಎಂಬ ಒಂದೇ ಸಾಲು. ಅದಕ್ಕೇ ಈ ಸಲ ಅರ್ಜಿ ಬರೆಯುತ್ತಿಲ್ಲ. ಎಲ್ಲರೂ ಓದಲಿ ಅಂತ ಪತ್ರ ಬರೆಯುತ್ತಿದ್ದೇನೆ.

ನನಗೆ ಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಎಲ್ಲ ವಾರ್ಡ್ ಕಚೇರಿಗಳಿಗೂ ನಿಮ್ಮ ಸಹಿ ಇರುವ ಒಂದು ಪುಟದ ಸುತ್ತೋಲೆ ಹೋಗಬೇಕು. ಸಾರ್ವಜನಿಕ ರಸ್ತೆಯಲ್ಲಿ ವಿದ್ಯಾರ್ಥಿಗಳು ಶೂಟ್ ಮಾಡುತ್ತಿದ್ದರೆ ತಡೆಯಬಾರದು. ಅವರ ಕ್ಯಾಮೆರಾ, ಫೋನ್, ಮೆಮೊರಿ ಕಾರ್ಡ್ ಯಾರೂ ಮುಟ್ಟಬಾರದು. ವಾರ್ಡಿನ ಕಾಮಗಾರಿ ಪಟ್ಟಿ, ನಕ್ಷೆ ಕೇಳಿದರೆ ಕೊಡಬೇಕು. ಇದೆಲ್ಲ ನಿಯಮದಲ್ಲಿ ಇರುವುದೇ ಅಲ್ವಾ? ನಿಮಗೆ ನಾನು ಹೇಳಿಕೊಡಬೇಕಾದ್ದು ಏನೂ ಇಲ್ಲ. ನಿಮ್ಮ ಕೆಳಗಿನವರಿಗೆ ನೀವು ಹೇಳಬೇಕಾಗಿದೆ, ಅಷ್ಟೇ.

ಕಳೆದ ಸೆಮಿಸ್ಟರ್‌ನಲ್ಲಿ ಏನಾಯ್ತು ಅಂತ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ದಯವಿಟ್ಟು ಪೂರ್ತಿ ಓದಿ.

ನನ್ನ ವಿದ್ಯಾರ್ಥಿನಿಯೊಬ್ಬಳು ರಸ್ತೆ ಅಗಲೀಕರಣಕ್ಕೆ ಸಿಕ್ಕಿದ ಒಂದು ಹಳೇ ಬೀದಿಯನ್ನು ಆರಿಸಿಕೊಂಡಿದ್ದಳು. ಗೋಡೆಗಳ ಮೇಲೆಲ್ಲ ಕೆಂಪು ಬಣ್ಣದಲ್ಲಿ ಗುರುತು ಹಾಕಿದ್ದರು. ಒಂದು ಮನೆಯಲ್ಲಿ ಆ ಗುರುತು ಸರಿಯಾಗಿ ಕಿಟಕಿಯ ಮಧ್ಯಕ್ಕೆ ಬಂದಿತ್ತು. ಅರ್ಧ ಕಿಟಕಿ ರಸ್ತೆಗೆ, ಅರ್ಧ ಮನೆಗೆ. ಆ ಫೋಟೋ ನೋಡಿದಾಗಲೇ ಇವಳಿಗೆ ಕಣ್ಣಿದೆ ಅನ್ನಿಸಿತ್ತು ನನಗೆ. ಬೀದಿಯ ಮೂಲೆಯಲ್ಲಿ ಗಡಿಯಾರ ರಿಪೇರಿ ಮಾಡುವ ವಯಸ್ಸಾದವರೊಬ್ಬರು ಕೂರುತ್ತಿದ್ದರು. ಒಬ್ಬರು ಕೂರುವಷ್ಟೇ ಜಾಗ, ತಲೆ ಮೇಲೆ ಗೋಡೆ ತುಂಬಾ ಗಡಿಯಾರ. ಅವರು ಮೊದಲ ದಿನ ಮಾತಾಡಲಿಲ್ಲ. ಎರಡನೇ ದಿನವೂ ಇಲ್ಲ. "ಬೇಕಾದ್ರೆ ಕೂತ್ಕೋ ಮಗಳೇ, ಸದ್ದು ರೆಕಾರ್ಡ್ ಮಾಡ್ಕೋ" ಅಂದಿದ್ದರಂತೆ. ಅವಳು ಎರಡು ದಿನವೂ ಕೂತು ಗಡಿಯಾರಗಳ ಸದ್ದು ರೆಕಾರ್ಡ್ ಮಾಡಿಕೊಂಡಳು. ಮೂರನೇ ದಿನ ಅವರೇ ಬಾಯಿ ಬಿಟ್ಟರು. ಒಂದೂವರೆ ಗಂಟೆ ಮಾತಾಡಿದರು. ಆ ಬೀದಿಯಲ್ಲಿ ಯಾರು ಬಂದರು, ಯಾರು ಹೋದರು, ಯಾವ ಮನೆಯ ಗಡಿಯಾರ ಯಾವಾಗ ನಿಂತಿತು, ಎಲ್ಲ.

ಅಂದು ಸಂಜೆ ಅವಳು ವಾಪಸ್ ಬರುತ್ತಾ ವಾರ್ಡ್ ಕಚೇರಿಯ ಹೊರಗೋಡೆಯ ಮೇಲಿದ್ದ ಗುರುತನ್ನೂ ಶೂಟ್ ಮಾಡಿದಳು. ಹೊರಗೆ, ಫುಟ್‌ಪಾತ್ ಮೇಲೆ ನಿಂತು. ಸಿಬ್ಬಂದಿಯೊಬ್ಬರು ಬಂದು ಕ್ಯಾಮೆರಾ ಕಿತ್ತುಕೊಂಡರು.

"ಯಾರು ಕಳಿಸಿದ್ದು ನಿನ್ನ?"

"ಕಾಲೇಜ್ ಪ್ರಾಜೆಕ್ಟ್ ಸರ್."

"ಪರ್ಮಿಷನ್ ಎಲ್ಲಿ?"

ಅವಳು ನಾನು ಕೊಟ್ಟಿದ್ದ ಅರ್ಜಿಯ ಸ್ವೀಕೃತಿ ಪ್ರತಿ ತೋರಿಸಿದಳು. ಅದರ ಮೇಲೆ ನಿಮ್ಮ ಕಚೇರಿಯದೇ ಸೀಲ್ ಇತ್ತು. ಆರು ವಾರ ಹಳೆಯ ತಾರೀಕು. "ಇದು ಅರ್ಜಿ, ಪರ್ಮಿಷನ್ ಅಲ್ಲ" ಅಂದು ಅವಳನ್ನು ಒಳಗೆ ಕರೆದುಕೊಂಡು ಹೋದರು. ಕಾರ್ಡ್ ಫಾರ್ಮ್ಯಾಟ್ ಮಾಡಿಸಿದರು. ಅವಳ ಕೈಯಿಂದಲೇ.

ಅಷ್ಟಕ್ಕೇ ಬಿಟ್ಟಿದ್ದರೂ ಏನೋ ಉಳಿಯುತ್ತಿತ್ತು ಸರ್. ಫಾರ್ಮ್ಯಾಟ್ ಮಾಡಿದರೂ ಎಷ್ಟೋ ಸಲ ಫೈಲ್ ಪೂರ್ತಿ ಅಳಿಸಿಹೋಗಿರುವುದಿಲ್ಲ. ಹೊಸದೇನೂ ಅದರ ಮೇಲೆ ಕೂರದಿದ್ದರೆ ಸಾಫ್ಟ್‌ವೇರ್ ಹಾಕಿ ವಾಪಸ್ ತೆಗೆಯಬಹುದು. ಇದು ನಾನು ಕ್ಲಾಸಿನಲ್ಲೇ ಹೇಳಿಕೊಟ್ಟಿದ್ದೆ, ಅವಳಿಗೆ ಗೊತ್ತಿತ್ತು. ಆ ಸಿಬ್ಬಂದಿಗೂ ಗೊತ್ತಿತ್ತು. ಅವರು ರೆಕಾರ್ಡ್ ಬಟನ್ ಒತ್ತಿ, ಕ್ಯಾಮೆರಾವನ್ನು ಗೋಡೆ ಕಡೆ ತಿರುಗಿಸಿ ಮೇಜಿನ ಮೇಲೆ ಇಟ್ಟರು. ನಲವತ್ತು ನಿಮಿಷ. ಅಷ್ಟು ಹೊತ್ತೂ ಆ ಹುಡುಗಿ ಬಾಗಿಲ ಹತ್ತಿರ ನಿಂತಿದ್ದಳು. ಕೂತ್ಕೋ ಅಂತ ಒಬ್ಬರೂ ಹೇಳಲಿಲ್ಲ.

ಆ ರಾತ್ರಿ ನಾವಿಬ್ಬರೂ ಲ್ಯಾಬ್‌ನಲ್ಲಿ ಕೂತು ಪ್ರಯತ್ನ ಮಾಡಿದೆವು. ವಾಪಸ್ ಸಿಕ್ಕಿದ್ದು ಹನ್ನೊಂದು ನಿಮಿಷ, ಅದೂ ತುಂಡು ತುಂಡಾಗಿ. ಗಡಿಯಾರಗಳ ಸದ್ದು ಇದೆ. ಅವರ ಕೈಬೆರಳು, ಇಕ್ಕಳ, ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ ಕಾಣುತ್ತವೆ. ಮಾತು ಒಂದೇ ಒಂದು, ಅದೂ ಅರ್ಧ: "ಆಗ ಈ ಬೀದೀಲಿ..." ಅಲ್ಲಿಗೆ ಕತ್ತರಿಸಿಹೋಗಿದೆ. ಅದಾದ ಮೇಲೆ ನಿಮ್ಮ ಕಚೇರಿಯ ಖಾಲಿ ಗೋಡೆ, ನಲವತ್ತು ನಿಮಿಷ.

ಮತ್ತೆ ಹೋಗಿ ಮಾತಾಡಿಸಬಹುದಿತ್ತಲ್ಲ ಅಂತ ನೀವು ಕೇಳಬಹುದು. ಹೋದೆವು. ಎಂಟು ದಿನ ಬಿಟ್ಟು ಹೋದೆವು. ಅವಳಿಗೆ ಆ ಬೀದಿ ಕಡೆ ಕಾಲಿಡಲು ಅಷ್ಟು ದಿನ ಬೇಕಾಯ್ತು. ಅಷ್ಟರಲ್ಲಿ ಆ ಮೂಲೆ ತೆರವಾಗಿತ್ತು. ಅವರು ಎಲ್ಲಿಗೆ ಹೋದರು ಅಂತ ಅಕ್ಕಪಕ್ಕದವರಿಗೂ ಗೊತ್ತಿಲ್ಲ. ಅವರು ಹೇಳಿದ್ದು ಅವಳಿಗೆ ಅಷ್ಟಿಷ್ಟು ನೆನಪಿದೆ. ಆದರೆ ನೆನಪಿನಿಂದ ಬರೆದದ್ದನ್ನು ಬೇರೆಯವರ ಮಾತು ಅಂತ ಉದ್ಧರಣ ಚಿಹ್ನೆಯೊಳಗೆ ಹಾಕಬಾರದು ಅಂತ ನಾನೇ ಕಲಿಸಿದ್ದೇನೆ. ಅವಳು ಹಾಕಲಿಲ್ಲ.

ಅವಳ ಅಪ್ಪ ಫೋನ್ ಮಾಡಿದ್ದರು. ಬೈಯಲಿಲ್ಲ. "ಮೇಡಂ, ಈ ಕೋರ್ಸ್ ಬಿಡಿಸಿದ್ರೆ ಫೀಸ್ ವಾಪಸ್ ಕೊಡ್ತಾರಾ?" ಅಂತ ಕೇಳಿದರು. ನನಗೆ ಏನು ಹೇಳಬೇಕೋ ತೋಚಲಿಲ್ಲ.

ನಾನು ದೂರು ಕೊಟ್ಟೆ. ಮೂರು ಸಲ ರಜೆ ಹಾಕಿ ನಿಮ್ಮ ಕಚೇರಿಗೆ ಬಂದೆ. ಒಂದು ಸಲ ಸಾಹೇಬರು ಮೀಟಿಂಗ್‌ನಲ್ಲಿದ್ದರು. ಇನ್ನೊಂದು ಸಲ ಫೈಲ್ ಬೇರೆ ವಿಭಾಗಕ್ಕೆ ಹೋಗಿತ್ತು. ಮೂರನೇ ಸಲ ಬೆಂಚಿನ ಮೇಲೆ ಬೆಳಿಗ್ಗೆಯಿಂದ ಸಂಜೆ ನಾಲ್ಕರವರೆಗೆ ಕೂತೆ. ಆಮೇಲೆ ಒಬ್ಬರು ಬಂದು, "ಮೇಡಂ, ಹುಡುಗರ ಪ್ರಾಜೆಕ್ಟ್ ತಾನೆ, ಇಷ್ಟೊಂದು ಯಾಕೆ ತಲೆಬಿಸಿ ಮಾಡ್ಕೋತೀರಾ?" ಅಂದರು.

ಹುಡುಗರ ಪ್ರಾಜೆಕ್ಟ್ ತಾನೆ. ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ ಸರ್. ಈ ಪತ್ರ ಬರೆಯುವುದಕ್ಕೆ ಆ ಮಾತೇ ಕಾರಣ.

ಈ ಮಕ್ಕಳು ಸುಮ್ನೆ ಫೋನ್ ಹಿಡಿದು ತಿರುಗುವುದಿಲ್ಲ. ಮೊದಲ ಎರಡು ವಾರ ಕ್ಯಾಮೆರಾ ತೆಗೆಯಲು ನಾನು ಬಿಡುವುದೇ ಇಲ್ಲ. ಬರೀ ನಡೀಬೇಕು, ನೋಡಬೇಕು, ಬರೆದುಕೊಳ್ಳಬೇಕು. ಆಮೇಲೆ ಶೂಟಿಂಗ್. ಕೈ, ಮುಖ, ಇಡೀ ಜಾಗ, ಹಿಂದಿನಿಂದ, ಪಕ್ಕದಿಂದ ಹೀಗೆ ಒಂದೇ ಕೆಲಸವನ್ನು ಬೇರೆ ಬೇರೆ ಕಡೆಯಿಂದ ತೆಗೆಯಬೇಕು. ಪ್ರತಿ ಜಾಗದಲ್ಲೂ ಯಾರೂ ಮಾತಾಡದೆ ಒಂದು ನಿಮಿಷ ಆ ಜಾಗದ ಸದ್ದನ್ನು ಮಾತ್ರ ರೆಕಾರ್ಡ್ ಮಾಡಬೇಕು. ಎಡಿಟಿಂಗ್‌ನಲ್ಲಿ ಆ ಒಂದು ನಿಮಿಷ ಇಲ್ಲದಿದ್ದರೆ ಕಟ್ ಆದ ಕಡೆಯೆಲ್ಲ ಕಿವಿಗೆ ಚುಚ್ಚುತ್ತದೆ. ಮಾತಾಡಿಸುವ ಮೊದಲು ತಾವು ಯಾರು, ಇದು ಎಲ್ಲಿ ಪ್ರಕಟವಾಗುತ್ತದೆ ಅಂತ ಹೇಳಿ ಒಪ್ಪಿಗೆ ಪಡೆಯಬೇಕು. ಹೆತ್ತವರು ಒಪ್ಪದೆ ಮಕ್ಕಳ ಮುಖ ತೋರಿಸುವ ಹಾಗಿಲ್ಲ. ಇಷ್ಟು ಶಿಸ್ತಿನಿಂದ ಕೆಲಸ ಮಾಡುವವರನ್ನು ಕಳ್ಳರ ಹಾಗೆ ಬಾಗಿಲಲ್ಲಿ ನಿಲ್ಲಿಸಿದಿರಿ.

ಬೇರೆ ಕಡೆ ಇದೇ ಕೆಲಸ ಎಲ್ಲಿಗೆ ಮುಟ್ಟಿದೆ ನೋಡಿ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ಶಾಲೆ 2008ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮಿಷನ್ ಬಡಾವಣೆಗಾಗಿ 'ಮಿಷನ್ ಲೋಕಲ್' ಶುರು ಮಾಡಿತು. ವಿದ್ಯಾರ್ಥಿಗಳೇ ವರದಿ ಮಾಡುತ್ತಿದ್ದರು. 2014ರಲ್ಲಿ ಅದು ಸ್ವತಂತ್ರ ಸುದ್ದಿಸಂಸ್ಥೆಯಾಯಿತು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಮಕ್ಕಳು 2010ರಲ್ಲಿ ಈಸ್ಟ್ ವಿಲೇಜ್ ಬಡಾವಣೆಯ ವರದಿಗಾರಿಕೆ ಶುರು ಮಾಡಿದಾಗ ಜೊತೆಗೆ ನಿಂತದ್ದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ. ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯವೂ ತನ್ನ ಮಕ್ಕಳನ್ನು ದೊಡ್ಡ ಮಾಧ್ಯಮಗಳು ಹೋಗದ ಬಡಾವಣೆಗಳಿಗೆ ಕಳಿಸಿ ಇದೇ ಕೆಲಸ ಮಾಡಿಸಿದೆ. ಅವರೂ ಹುಡುಗರೇ.

ಇನ್ನು ದಾಖಲೆಗಳ ವಿಷಯ. ವಾರ್ಡಿನ ಕಾಮಗಾರಿ ಪಟ್ಟಿ ಕೇಳಿದರೆ "ನಿಮಗೆ ಯಾಕೆ ಬೇಕು" ಅಂತಾರೆ. ಯಾಕೆ ಬೇಕು ಅಂತ ಹೇಳುತ್ತೇನೆ, ಕೇಳಿ. 1854ರಲ್ಲಿ ಲಂಡನ್ನಿನ ಸೋಹೋ ಬಡಾವಣೆಯಲ್ಲಿ ಕಾಲರಾ ಬಂತು. ಜಾನ್ ಸ್ನೋ ಎಂಬ ಡಾಕ್ಟರ್ ಸರ್ಕಾರಿ ನೋಂದಣಿ ಕಚೇರಿಗೆ ಹೋಗಿ ಸತ್ತವರ ಪಟ್ಟಿ ಕೇಳಿದರು. ಕೊಟ್ಟರು. ಆ ವಿಳಾಸ ಹಿಡಿದು ಅವರು ಬೀದಿ ಬೀದಿ ವಿಚಾರಿಸಿದರು. ಜಾಸ್ತಿ ಸಾವುಗಳು ಬ್ರಾಡ್ ಸ್ಟ್ರೀಟ್‌ನಲ್ಲಿ ಜನ ನೀರು ಹಿಡಿಯುತ್ತಿದ್ದ ಒಂದು ಪಂಪ್ ಸುತ್ತಮುತ್ತ ಆಗಿದ್ದವು. ಆ ಪಂಪಿನ ನೀರಿನಿಂದಲೇ ಕಾಲರಾ ಹರಡುತ್ತಿದೆ ಅಂತ ಸ್ಥಳೀಯ ಆಡಳಿತದವರ ಮುಂದೆ ಇಟ್ಟರು. ಅವರಿಗೆ ಪೂರ್ತಿ ನಂಬಿಕೆ ಬಂದಿರಲಿಲ್ಲ. ಆದರೂ ಸೆಪ್ಟೆಂಬರ್ 8ರಂದು ಪಂಪಿನ ಹಿಡಿಕೆ ಬಿಚ್ಚಿಸಿದರು. ಸಾವುಗಳನ್ನು ಬೀದಿವಾರು ಗುರುತಿಸಿದ, ಇವತ್ತು ಎಲ್ಲರೂ ಹೊಗಳುವ ಸ್ನೋ ಅವರ ನಕ್ಷೆ ಬಂದದ್ದು ಆಮೇಲೆ. ಹೆನ್ರಿ ವೈಟ್‌ಹೆಡ್ ಅಂತ ಆ ಬಡಾವಣೆಯ ಒಬ್ಬ ಯುವ ಪಾದ್ರಿ ಇದ್ದರು. ಅವರು ಮೊದಲು ಸ್ನೋ ಮಾತನ್ನು ನಂಬಲಿಲ್ಲ. ಆದರೆ ಅವರಿಗೆ ಆ ಮನೆಗಳೆಲ್ಲ ಪರಿಚಯ. ಮನೆ ಮನೆಗೆ ಹೋಗಿ ಜನರನ್ನು ಮಾತಾಡಿಸಿ, ಪಂಪಿನ ಪಕ್ಕದ 40ನೇ ನಂಬರ್ ಮನೆಯ ಒಂದು ಹಸುಗೂಸಿನಿಂದ ಇದು ಶುರುವಾಗಿರಬೇಕು ಅಂತ ಪತ್ತೆ ಮಾಡಿದವರು ಅವರೇ.

ಕಚೇರಿಯ ಪಟ್ಟಿ, ಬೀದಿಯ ನಕ್ಷೆ, ಮನೆ ಬಾಗಿಲಲ್ಲಿ ನಿಂತು ಕೇಳಿದ ಮಾತು. ನನ್ನ ಮಕ್ಕಳು ಮಾಡುವುದೂ ಇದನ್ನೇ. ಪಟ್ಟಿ ಕೊಡುವುದು ನಿಮ್ಮ ಕೈಯಲ್ಲಿದೆ. ಅವತ್ತು ಅಲ್ಲಿ ಯಾರೂ "ನಿಮಗೆ ಯಾಕೆ ಬೇಕು" ಅಂತ ಡಾಕ್ಟರನ್ನು ವಾಪಸ್ ಕಳಿಸಲಿಲ್ಲ.

ನಮ್ಮ ಮಕ್ಕಳೂ ತಪ್ಪು ಮಾಡುತ್ತಾರೆ, ಒಪ್ಪುತ್ತೇನೆ. ಒಬ್ಬ ಹುಡುಗ ಬೀದಿಯ ಹೆಸರು ತಪ್ಪು ಹಾಕಿದ್ದ. ತಿದ್ದುಪಡಿ ಹಾಕಿಸಿದೆ. ನಮ್ಮ ವರದಿಯಲ್ಲಿ ತಪ್ಪಿದ್ದರೆ ನೀವೂ ಬರೆದು ತಿಳಿಸಿ, ತಿದ್ದುತ್ತೇವೆ. ಆದರೆ ವರದಿ ಆಗುವ ಮೊದಲೇ ಅಳಿಸಿಹಾಕಬೇಡಿ.

ಮತ್ತೆ ಕೇಳುತ್ತಿದ್ದೇನೆ. ಸುತ್ತೋಲೆ ಹೊರಡಿಸಿ. ಹೊಸ ಕಾನೂನು ಬೇಡ, ಸಮಿತಿ ಬೇಡ, ನಮಗೆ ಸನ್ಮಾನವೂ ಬೇಡ. ರಸ್ತೆಯಲ್ಲಿ ಶೂಟ್ ಮಾಡುವವರನ್ನು ತಡೆಯಬೇಡಿ, ಕ್ಯಾಮೆರಾ ಮುಟ್ಟಬೇಡಿ, ಕೇಳಿದ ದಾಖಲೆ ಕೊಡಿ ಅಂತ ಬರೆದು ಸಹಿ ಹಾಕಿ. ಆ ಕಾಗದದ ಪ್ರತಿಯನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಜೇಬಿನಲ್ಲಿ ಇಟ್ಟುಕೊಂಡು ಹೋಗುವ ಹಾಗಾಗಬೇಕು. ಯಾರಾದರೂ "ಪರ್ಮಿಷನ್ ಎಲ್ಲಿ" ಅಂದರೆ ತೆಗೆದು ತೋರಿಸಬೇಕು.

ಹೊಸ ಸೆಮಿಸ್ಟರ್ ಮುಂದಿನ ತಿಂಗಳು ಶುರು. ಇಪ್ಪತ್ನಾಲ್ಕು ಮಕ್ಕಳಿದ್ದಾರೆ, ಇಪ್ಪತ್ನಾಲ್ಕು ಬಡಾವಣೆ. ಅದಕ್ಕೆ ಮೊದಲು ಸುತ್ತೋಲೆ ಬರಬೇಕು. ಆ ಹುಡುಗಿ ಕೋರ್ಸ್ ಬಿಟ್ಟಿಲ್ಲ. ಈ ಸಲ ಜೂನಿಯರ್‌ಗಳಿಗೆ ರೆಕಾರ್ಡಿಂಗ್ ಹೇಳಿಕೊಡಲು ತಾನೇ ಬರುತ್ತೇನೆ ಅಂದಿದ್ದಾಳೆ. ಬೀದಿಗೆ ಇಳಿಯಲು ಮಾತ್ರ ಇನ್ನೂ ಒಪ್ಪಿಲ್ಲ.

ಈ ಪತ್ರದ ಜೊತೆ ನಿಮ್ಮ ಟಪಾಲು ವಿಭಾಗಕ್ಕೆ ಒಂದು ಪೆನ್‌ಡ್ರೈವ್ ಕೊಟ್ಟಿದ್ದೇನೆ. ಅದರಲ್ಲಿ ಎರಡು ಫೈಲ್ ಇವೆ. ಒಂದು ಹನ್ನೊಂದು ನಿಮಿಷದ್ದು, ಇನ್ನೊಂದು ನಲವತ್ತು ನಿಮಿಷದ್ದು. ದಯವಿಟ್ಟು ಎರಡನ್ನೂ ಪೂರ್ತಿ ನೋಡಿ.

ಇಂತಿ,
ಒಬ್ಬ ಪತ್ರಿಕೋದ್ಯಮ ಅಧ್ಯಾಪಕಿ